ಊರು ಬಿಡುವ ಮುಂಚೆ ಒಂದು ವಾರ

ನಮ್ಮ ಮನೆ ಪಡೀಲಿನಲ್ಲಿ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. ಮೊದಲು ಅದಕ್ಕೆ ಕಂಕನಾಡಿ ನಿಲ್ದಾಣವೆಂದು ಹೆಸರು. ಹಳಬರ ಬಾಯಲ್ಲಿ ಈಗಲೂ ಅದೇ. ರಾತ್ರಿ ರೈಲು ಕೂಗಿದರೆ ನನ್ನ ಅಮ್ಮ, “ಯಾರ ಮನೆಯ ಮಕ್ಕಳು ಹೊರಟರೋ” ಎನ್ನುತ್ತಾರೆ. ಅದು ಊರಿಗೆ ಬರುವ ರೈಲೂ ಆಗಿರಬಹುದಲ್ಲ ಎಂದರೆ ಒಪ್ಪುವುದಿಲ್ಲ.

ಈ ಸಲದ ಮಳೆಗಾಲದಲ್ಲಿ ಹೊರಡುವ ಮಾತು ನಮ್ಮ ಮನೆಯಲ್ಲೇ ಬಂತು. ನರ್ಸಿಂಗ್ ಕಲಿತು ಇಲ್ಲೇ ಮೂರು ವರ್ಷ ದುಡಿದ ಮಗಳಿಗೆ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯೊಂದರಿಂದ ಕೆಲಸದ ಪತ್ರ ಬಂತು. ಒಪ್ಪಿಗೆ ತಿಳಿಸಲು ಒಂದು ವಾರದ ಗಡುವು. ಅಲ್ಲಿಯ ಜನಜೀವನ ತಿಳಿಯಲೆಂದು ಅವಳು ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಬ್ರಿಟಿಷ್ ಟೀವಿ ಕಾರ್ಯಕ್ರಮಗಳನ್ನು ಹಾಕತೊಡಗಿದಳು. ನಾವೂ ಸುತ್ತ ಕುಳಿತೆವು. ನೋಡಿದರೆ ತಮಾಷೆ! ಇವಳು ಯಾವ ದೇಶಕ್ಕೆ ಹೋಗಲು ತುದಿಗಾಲಲ್ಲಿ ನಿಂತಿದ್ದಾಳೋ, ಆ ದೇಶದವರು ಅಲ್ಲಿಂದ ಹೊರಡಲು ತುದಿಗಾಲಲ್ಲಿ ನಿಂತಿದ್ದಾರೆ.

ಬಿಸಿಲು ಹುಡುಕಿ ಹೊರಟವರು

ಇಂಥ ಕಾರ್ಯಕ್ರಮಗಳು ಅಲ್ಲಿ ಒಂದೆರಡಲ್ಲ. ಚಾನೆಲ್ 4ರಲ್ಲಿ 2000ದಲ್ಲಿ ಶುರುವಾದ ‘ಎ ಪ್ಲೇಸ್ ಇನ್ ದ ಸನ್’ನಲ್ಲಿ ಚಳಿ, ಮೋಡಗಳಿಂದ ಬೇಸತ್ತವರು ಸ್ಪೇನ್ ಮೊದಲಾದ ಬಿಸಿಲಿನ ದೇಶಗಳಲ್ಲಿ ಮನೆ ಹುಡುಕುತ್ತಾರೆ. ಬಿಬಿಸಿಯ ‘ಎಸ್ಕೇಪ್ ಟು ದ ಕಂಟ್ರಿ’ (2002) ಪೇಟೆ ಬಿಟ್ಟು ಹಳ್ಳಿಗೆ ಹೋಗುವವರದ್ದು. 2016ರ ‘ದ ರಿಯಲ್ ಮೇರಿಗೋಲ್ಡ್ ಹೋಟೆಲ್’ನಲ್ಲಂತೂ ಅಲ್ಲಿಯ ಹೆಸರುವಾಸಿ ಹಿರಿಯರು ಕೆಲವರು ನಿವೃತ್ತಿ ಜೀವನ ಹೇಗಿರಬಹುದೆಂದು ನೋಡಲು ನಮ್ಮ ಜೈಪುರಕ್ಕೇ ಬಂದರು. “ಇಲ್ಲಿಗೆ ಬರುವವರೂ ಇದ್ದಾರಾ?” ಎಂದು ಅಮ್ಮನಿಗೆ ನಗು.

ನಮ್ಮನ್ನು ಹಿಡಿದು ಕೂರಿಸಿದ್ದು ಮಾತ್ರ 2007ರಲ್ಲಿ ಬಿಬಿಸಿ ಆರಂಭಿಸಿದ ‘ವಾಂಟೆಡ್ ಡೌನ್ ಅಂಡರ್’. ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿಗೆ ವಲಸೆ ಹೋಗಬೇಕೆಂದಿರುವ ಕುಟುಂಬವೊಂದನ್ನು ಒಂದು ವಾರ ಅಲ್ಲಿ ಇರಿಸುತ್ತಾರೆ. ಮನೆ ತೋರಿಸುತ್ತಾರೆ, ಕೆಲಸ ಎಂಥದ್ದು ಸಿಗಬಹುದೆಂದು ವಿಚಾರಿಸುತ್ತಾರೆ, ಖರ್ಚಿಗೆ ಖರ್ಚು ತಾಳೆ ಹಾಕುತ್ತಾರೆ. ನಡುವೆ ಒಂದು ದಿನ ಊರಲ್ಲಿ ಉಳಿದ ಅಪ್ಪ, ಅಮ್ಮ, ಗೆಳೆಯರ ಮಾತುಗಳ ವಿಡಿಯೋ ಹಾಕುತ್ತಾರೆ. ಅದುವರೆಗೆ ನಗುತ್ತಿದ್ದವರು ಅಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಕೊನೆಗೆ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಒಂದೊಂದು ಬಾವುಟದ ಫಲಕ ಎತ್ತಿ ಮತ ಹೇಳಬೇಕು: ಹೋಗುವುದೋ, ಉಳಿಯುವುದೋ?

ಆಸ್ಟ್ರೇಲಿಯಾದ ಆಸೆ ಬ್ರಿಟನ್ನಿಗೆ ಹೊಸತಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿಯ ಸರಕಾರ ಜನ ಬೇಕೆಂದು ಕರೆದಾಗ ವಯಸ್ಕರು ಬರೇ 10 ಪೌಂಡ್ ಕೊಟ್ಟು ಹಡಗು ಹತ್ತಿದರು. ಮಕ್ಕಳಿಗೆ ಅದೂ ಇಲ್ಲ. ಹೀಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೋದರು. ಎರಡು ವರ್ಷದೊಳಗೆ ಹಿಂದಿರುಗುವುದಾದರೆ ಮಾತ್ರ ಹೋದ ಖರ್ಚನ್ನು ಸರಕಾರಕ್ಕೆ ತುಂಬಿಕೊಡಬೇಕಿತ್ತು.

ಯಾರೂ ಮತ ಕೇಳದವರು

ಫಲಕ ಎತ್ತುವ ಆ ಮಕ್ಕಳನ್ನು ನೋಡುವಾಗ ನನಗೆ ಅಪ್ಪನ ನೆನಪಾಯಿತು. 1950ರಲ್ಲಿ, 12ನೇ ವಯಸ್ಸಿನಲ್ಲಿ, ನೆಂಟರೊಬ್ಬರ ಕೈಗೆ ಕೊಟ್ಟು ಅವರನ್ನು ಬೊಂಬಾಯಿಗೆ ಕಳಿಸಿದ್ದರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಆಗೆಲ್ಲ ಬಸ್ಸಿನಲ್ಲಿ ಘಟ್ಟ ಹತ್ತಿ, ಕಡೂರಿನಲ್ಲಿ ರೈಲು ಹಿಡಿಯಬೇಕು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ, ರಾತ್ರಿ ಶಾಲೆಯಲ್ಲಿ ಓದು, ಮೇಜುಗಳ ನಡುವೆ ನಿದ್ದೆ.

ಕರಾವಳಿಯ ಎಷ್ಟು ಮನೆಗಳ ಕಥೆ ಇದಲ್ಲ! ಕಡಂದಲೆಯ ಕೃಷ್ಣರಾಯರು ಮದ್ರಾಸಿನಲ್ಲಿ ಹೋಟೆಲ್ ಅಡುಗೆಮನೆಯಿಂದ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಗೆದ್ದವರ ಹೆಸರು ಬೋರ್ಡಿನ ಮೇಲೆ ಉಳಿಯಿತು. ನನ್ನ ಅಪ್ಪನಂಥವರ ಹೆಸರು ಮನಿಯಾರ್ಡರ್ ಫಾರಮಿನಲ್ಲಿ ಮಾತ್ರ ಇತ್ತು.

ಅಪ್ಪ ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನನಗೆ ನಾಲ್ಕು ವರ್ಷವಾಗಿದ್ದಾಗ ಒಬ್ಬರು ಟ್ರಂಕು ಹಿಡಿದು ಅಂಗಳದಲ್ಲಿ ನಿಂತಿದ್ದರು. “ಅಮ್ಮಾ, ಯಾರೋ ಬಂದಿದ್ದಾರೆ” ಎಂದು ಕೂಗಿದೆನಂತೆ. ಆ ಮಾತು ಅಪ್ಪ ಕೊನೆಯವರೆಗೂ ಮರೆಯಲಿಲ್ಲ. 1988ರಲ್ಲಿ ಶಾಶ್ವತವಾಗಿ ಊರಿಗೆ ಬಂದರು. ಬೊಂಬಾಯಿಯಲ್ಲಿದ್ದಷ್ಟು ದಿನ ‘ನಮ್ಮಲ್ಲಿ’ ಎಂದರೆ ಪಡೀಲು; ಪಡೀಲಿಗೆ ಬಂದ ಮೇಲೆ ‘ನಮ್ಮಲ್ಲಿ’ ಎಂದರೆ ಬೊಂಬಾಯಿ!

ನೇಜಿಯ ಪಾಠ

ಶಾಲೆಯಲ್ಲಿ ಸಸ್ಯಗಳ ಪಾಠ ಮಾಡುವಾಗ ನಾನು ಮಕ್ಕಳಿಗೆ ನೇಜಿಯ ಉದಾಹರಣೆ ಕೊಡುವುದುಂಟು. ಕಿತ್ತು ನೆಟ್ಟ ನೇಜಿ ಮೊದಲ ಕೆಲವು ದಿನ ಹಳದಿ ತಿರುಗುತ್ತದೆ. ಕೀಳುವಾಗ ನೀರು ಹೀರುವ ನವಿರಾದ ಬೇರುಗಳು ಹರಿದಿರುತ್ತವೆ, ಎಲೆಗಳು ಮಾತ್ರ ಎಂದಿನಂತೆ ನೀರು ಹೊರಬಿಡುತ್ತಲೇ ಇರುತ್ತವೆ. ಹೊಸ ಬೇರು ಬಂದ ಮೇಲಷ್ಟೇ ಪೈರು ಹಸಿರಾಗುವುದು.

ಮನುಷ್ಯರಿಗೆ ಆ ಹಳದಿ ಒಂದು ವಾರದಲ್ಲಿ ಕಾಣುವುದಿಲ್ಲ. ಒಂದು ವಾರ ಎಲ್ಲಿ ಹೋದರೂ ನಾವು ನೆಂಟರು. ಕ್ಯಾಮರಾದವರು ಗಂಟುಮೂಟೆ ಕಟ್ಟಿದ ಮೇಲೆ ನಿಜವಾದ ಪರೀಕ್ಷೆ. ಬಿಬಿಸಿಯವರಿಗೂ ಇದು ಹೊಳೆದಿರಬೇಕು. ಅದೇ ಕುಟುಂಬಗಳನ್ನು ಬಹುಕಾಲದ ನಂತರ ಮತ್ತೆ ಕಂಡು ಮಾತಾಡಿಸುವ ಕಂತುಗಳನ್ನೂ ಮಾಡಿದರು.

ಆದರೂ ಆ ಕಾರ್ಯಕ್ರಮದಿಂದ ಕಲಿಯಬೇಕಾದ್ದು ಒಂದಿದೆ. ಹೊರಡುವ ಮೊದಲು ಮನೆಯವರೆಲ್ಲರನ್ನೂ, ಚಿಕ್ಕವರನ್ನೂ ಸಹ, ಬಾಯಿಬಿಟ್ಟು ಕೇಳುತ್ತಾರೆ. ಉಳಿಯುವವರ ಮಾತನ್ನೂ ಕೇಳಿಸುತ್ತಾರೆ. ನಾವು ಸಂಬಳ ಕೇಳುತ್ತೇವೆ, ವೀಸಾ ಕೇಳುತ್ತೇವೆ. ಇದೊಂದನ್ನು ಕೇಳುವುದಿಲ್ಲ.

ಗಡುವಿನ ಹಿಂದಿನ ರಾತ್ರಿ ನಾವೂ ಕೇಳಿದೆವು. ಫಲಕ, ಬಾವುಟ ಏನಿಲ್ಲ. ನನ್ನ ಹೆಂಡತಿ ಹಲಸಿನ ಬೀಜ ಸುಲಿಯುತ್ತಾ ತಲೆಯೆತ್ತದೆ, “ಹೋಗಲಿ” ಎಂದಳು. ಅಮ್ಮ ತುಸು ಹೊತ್ತು ಸುಮ್ಮನಿದ್ದು ಹೇಳಿದರು: “ನಿನ್ನ ಅಪ್ಪ ಬೊಂಬಾಯಿಯಲ್ಲಿದ್ದಷ್ಟು ವರ್ಷ ನನ್ನನ್ನು ಯಾರೂ ಕೇಳಲಿಲ್ಲ. ನೀನು ಕೇಳಿದೆಯಲ್ಲ, ಸಾಕು. ಅವಳು ಹೋಗಲಿ. ಆದರೆ ಎರಡು ವರ್ಷಕ್ಕೊಮ್ಮೆ ಅಲ್ಲ, ವರ್ಷ ವರ್ಷ ಬರಬೇಕು.”

“ಅಪ್ಪಾ, ನಿಮ್ಮದು?” ಎಂದಳು ಮಗಳು.

ಬೇಡವೆನ್ನುವ ಆಸೆ ನನಗೂ ಇತ್ತು. “ಹೋಗು. ಮೊದಲು ಸ್ವಲ್ಪ ದಿನ ಹಳದಿಯಾದರೆ ಹೆದರಬೇಡ” ಎಂದೆ.

ಅವಳು ಹೋಗಿ ಆರು ವಾರವಾಯಿತು. ಮೊನ್ನೆ ಭಾನುವಾರ ಫೋನು ಮಾಡಿ ಅಜ್ಜಿಯೊಡನೆ ಅರ್ಧ ಗಂಟೆ ಮಾತಾಡಿದಳು. ಕೊನೆಗೆ ನನ್ನ ಕೈಗೆ ಫೋನು ಬಂದಾಗ ಹೇಳಿದಳು: “ಅಪ್ಪಾ, ಇನ್ನೂ ಹಳದಿಯೇ. ಆದರೆ ಒಂದೆರಡು ಬೇರು ಬಿಟ್ಟ ಹಾಗಿದೆ.”