ಲೋಕದ ಹಾಡು, ಸಭೆಯ ಕಿವಿ: ರಾಕ್ ಸಂಗೀತದ ಸುತ್ತಲಿನ ತಪ್ಪು ಕಲ್ಪನೆಗಳು

ಸಭೆಯ ಹೊರಗೆ ಹುಟ್ಟಿದ ರಾಕ್ ಹಾಡುಗಳನ್ನು ಕ್ರೈಸ್ತರು ಕೇಳಿ ಸಂತೋಷಪಡಬಹುದೇ? ಯೌವನಸ್ಥರ ಕೂಟಗಳಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ "ಲೋಕದ ಹಾಡು ನಮಗೆ ಬೇಡ" ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹುಡುಗರು ಎದುರಾಡದೆ ತಲೆಯಾಡಿಸಿ, ಗೇಟು ದಾಟಿದ ಕೂಡಲೇ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಹೀಗಾಗಿ ಮಾತುಕತೆ ನಡೆಯುವುದೇ ಇಲ್ಲ. ಬೇಡ ಎನ್ನುವವರ ವಾದಗಳಲ್ಲಿ ಎಷ್ಟೋ ಅಮೆರಿಕದ ಪ್ರಸಂಗಿಗಳಿಂದ ಬಾಯಿಂದ ಬಾಯಿಗೆ ಬಂದವು. ಬೇಕು ಎನ್ನುವವರೂ ಅಲ್ಲಲ್ಲಿ ಕಟ್ಟುಕತೆಯನ್ನೇ ನೆಚ್ಚಿಕೊಂಡಿದ್ದಾರೆ. ಒಂದೊಂದನ್ನೇ ಎತ್ತಿಕೊಂಡು ನೋಡೋಣ.

ತಪ್ಪು ಕಲ್ಪನೆ 1: ರಾಕ್ ಹುಟ್ಟಿದ್ದೇ ಸೈತಾನನ ಅಂಗಳದಲ್ಲಿ.

ವಾಸ್ತವ: ರಾಕ್ ಆಡಿ ಬೆಳೆದ ಅಂಗಳಗಳಲ್ಲಿ ಸಭೆಯದೂ ಒಂದು. ಸಿಸ್ಟರ್ ರೊಸೆಟಾ ಥಾರ್ಪ್ 1915ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. ತಾಯಿ ಊರೂರು ತಿರುಗಿ ಸುವಾರ್ತೆ ಸಾರುತ್ತಿದ್ದರು. ಮಗಳು ಚಿಕ್ಕಂದಿನಿಂದಲೇ ಆ ಕೂಟಗಳಲ್ಲಿ ಗಿಟಾರ್ ನುಡಿಸಿ ಹಾಡಿದಳು. ಆಕೆ 1944ರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ರೆಕಾರ್ಡ್ ಮಾಡಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಒಂದು ಭಕ್ತಿಗೀತೆ. ರಾಕ್ ಅಂಡ್ ರೋಲ್‌ನ ಮೊಟ್ಟಮೊದಲ ಹಾಡುಗಳ ಪಟ್ಟಿಯಲ್ಲಿ ಅದನ್ನು ಸೇರಿಸುವವರು ಹಲವರಿದ್ದಾರೆ. 2018ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಗೆ ಮರಣೋತ್ತರ ಗೌರವ ಸಲ್ಲಿಸಿತು. ಎಲ್ವಿಸ್ ಪ್ರೆಸ್ಲಿ ಅಸೆಂಬ್ಲಿ ಆಫ್ ಗಾಡ್ ಸಭೆಯಲ್ಲಿ ಬೆಳೆದವರು. ಸ್ಪರ್ಧೆಯಲ್ಲಿ ಅವರು ಗೆದ್ದ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಭಕ್ತಿಗೀತೆಗಳಿಗೇ ಬಂದವು.

ಹಾಗೆಂದು ಆ ಗಾಯಕರಿಗೆ ಅಳುಕೇ ಇರಲಿಲ್ಲ ಎಂದಲ್ಲ. 1957ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ 'ಗ್ರೇಟ್ ಬಾಲ್ಸ್ ಆಫ್ ಫೈರ್' ರೆಕಾರ್ಡ್ ಮಾಡುವ ಹೊತ್ತಿಗೆ ಜೆರ್ರಿ ಲೀ ಲೂಯಿಸ್ ಪಿಯಾನೋ ಬಿಟ್ಟು ವಾದಕ್ಕೆ ನಿಂತರು. ಇದು ಸೈತಾನನ ಸಂಗೀತ, ಇದನ್ನು ಹಾಡಿಕೊಂಡು ಒಬ್ಬರ ಆತ್ಮ ಉಳಿಸುವುದು ಹೇಗೆ ಎಂಬುದು ಅವರ ತಕರಾರು. ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಎದುರು ವಾದ ಹೂಡಿದರು. ಟೇಪ್ ಓಡುತ್ತಲೇ ಇದ್ದುದರಿಂದ ಆ ಜಗಳ ಇಂದಿಗೂ ಕೇಳಸಿಗುತ್ತದೆ. ಕೊನೆಗೆ ಲೂಯಿಸ್ ಹಾಡಿದರು. ಈ ಲೇಖನದ ಪ್ರಶ್ನೆ ರಾಕ್‌ನಷ್ಟೇ ಹಳೆಯದು, ರಾಕ್‌ನ ಒಳಗಿನದೇ.

ಸೈತಾನನ ಸಂಗೀತ ಎಂಬ ಕೂಗಿನಲ್ಲಿ ಜನಾಂಗದ್ವೇಷವೂ ಬೆರೆತಿತ್ತು. 1956ರಲ್ಲಿ ಅಲಬಾಮಾದ ಬಿಳಿಯರ ಸಂಘಟನೆಯೊಂದು, ಕಪ್ಪು ಜನರ ಈ ಸಂಗೀತ ಬಿಳಿ ಮಕ್ಕಳನ್ನು ಕೆಡಿಸುತ್ತದೆ ಎಂದು ಚಳವಳಿ ಹೂಡಿತು. ಆ ವರ್ಷದ ಏಪ್ರಿಲ್‌ನಲ್ಲಿ ಅದರ ಕಡೆಯವರು ಬರ್ಮಿಂಗ್‌ಹ್ಯಾಮ್‌ನ ವೇದಿಕೆಗೇ ನುಗ್ಗಿ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್ ಮೇಲೆ ಹಲ್ಲೆ ಮಾಡಿದರು. ಕೋಲ್ ರಾಕ್ ಗಾಯಕರೂ ಅಲ್ಲ.

ತಪ್ಪು ಕಲ್ಪನೆ 2: ಆರ್ಗನ್ ಪವಿತ್ರ, ಗಿಟಾರ್, ಡ್ರಮ್ಸ್ ಅಪವಿತ್ರ.

ವಾಸ್ತವ: ವಾದ್ಯಗಳಲ್ಲಿ ಜಾತಿಭೇದ ಮಾಡಿದ್ದು ಮನುಷ್ಯರು. ಕೊನೆಯ ಕೀರ್ತನೆಯಾದ 150ನೆಯದು ತುತೂರಿ, ಕಿನ್ನರಿ, ದಮ್ಮಡಿ, ತಂತಿವಾದ್ಯ, ಕೊಳಲು, ತಾಳ ಎಲ್ಲವನ್ನೂ ಕರೆಯುತ್ತದೆ, ಕುಣಿತವನ್ನೂ ಬಿಡುವುದಿಲ್ಲ. ಇಂದು ಗಂಭೀರ ಆರಾಧನೆಯ ಗುರುತಾಗಿರುವ ಆರ್ಗನ್, ಪ್ರಾಚೀನ ರೋಮನ್ನರ ಕ್ರೀಡಾಂಗಣಗಳಲ್ಲಿ ಮೊಳಗುತ್ತಿದ್ದ ವಾದ್ಯ. ಸ್ವಿಸ್ ಸಭಾಸುಧಾರಕ ಜ್ವಿಂಗ್ಲಿಯ ಕಾಲದಲ್ಲಿ, 1527ರಲ್ಲಿ, ಜ್ಯೂರಿಕ್‌ನ ದೊಡ್ಡ ದೇವಾಲಯದಿಂದ ಆರ್ಗನ್ನನ್ನು ಕಳಚಿ ಹೊರಹಾಕಿದರು. ಇತ್ತ, ಕ್ರಿಸ್‌ಮಸ್ ರಾತ್ರಿ ಲೋಕವೆಲ್ಲ ಹಾಡುವ 'ಸೈಲೆಂಟ್ ನೈಟ್' 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನ ಚರ್ಚಿನಲ್ಲಿ ಮೊದಲು ಕೇಳಿಬಂದದ್ದು ಗಿಟಾರಿನ ಜೊತೆಗೆ.

ಸೈತಾನನೇ ಸ್ವರ್ಗದ ಸಂಗೀತ ನಿರ್ದೇಶಕನಾಗಿದ್ದ ಎಂಬ ಬೋಧನೆಯೂ ಇದೆ. ಅದಕ್ಕೆ ತೋರಿಸುವ ಯೆಹೆಜ್ಕೇಲ 28ನೇ ಅಧ್ಯಾಯವನ್ನು ಬಿಚ್ಚಿ ನೋಡಿದರೆ ಅಲ್ಲಿರುವುದು ತೂರಿನ ಅರಸನ ಮೇಲಿನ ಶೋಕಗೀತೆ. ಸೈತಾನನ ಪತನವನ್ನು ಅದರಲ್ಲಿ ಕಾಣುವ ವ್ಯಾಖ್ಯಾನ ಹಳೆಯದು ನಿಜ. ಆದರೆ ಸ್ವರ್ಗದ ಸಂಗೀತ ನಿರ್ದೇಶಕನ ಹುದ್ದೆ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ತಪ್ಪು ಕಲ್ಪನೆ 3: ರೆಕಾರ್ಡನ್ನು ತಿರುವುಮುರುವಾಗಿ ಓಡಿಸಿದರೆ ಸೈತಾನನ ಗುಪ್ತ ಸಂದೇಶ ಕೇಳುತ್ತದೆ.

ವಾಸ್ತವ: ಇಂಥದ್ದು ಹೀಗೆ ಕೇಳುತ್ತದೆ ಎಂದು ಮೊದಲೇ ಹೇಳಿಕೊಟ್ಟರೆ ಮಾತ್ರ ಕೇಳುತ್ತದೆ. 1980ರ ದಶಕದಲ್ಲಿ ಲೆಡ್ ಜೆಪ್ಲಿನ್ ತಂಡದ 'ಸ್ಟೇರ್‌ವೇ ಟು ಹೆವನ್' ಹಾಡಿನ ಮೇಲೆ ಈ ಆರೋಪ ಎದ್ದು, ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಸೂದೆಯ ಮಟ್ಟಕ್ಕೂ ಹೋಯಿತು. ಕೆನಡಾದ ಲೆಥ್‌ಬ್ರಿಜ್ ವಿಶ್ವವಿದ್ಯಾಲಯದ ಜಾನ್ ವೋಕಿ ಮತ್ತು ಡಾನ್ ರೀಡ್ ಇದನ್ನು ಪರೀಕ್ಷೆಗೆ ಒಡ್ಡಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ತಿರುಗಿಸಿ ಕೇಳಿಸಿದ್ದರಲ್ಲಿ 23ನೇ ಕೀರ್ತನೆಯೂ ಇತ್ತು! ಮಾತಾಡುತ್ತಿರುವುದು ಗಂಡೋ ಹೆಣ್ಣೋ ಎಂದು ಕೇಳುಗರು ಹೇಳಬಲ್ಲವರಾಗಿದ್ದರು. ಮಾತಿನ ಅರ್ಥ ಮಾತ್ರ ಯಾರಿಗೂ ಹತ್ತಲಿಲ್ಲ. ಇಂಥ ಸಾಲು ಬರುತ್ತದೆ, ಗಮನಿಸಿ ಎಂದಾಗ ಅದೇ ಜನಕ್ಕೆ ಆ ಸಾಲು ಕೇಳಿಸತೊಡಗಿತು.

ನ್ಯಾಯಾಲಯವೂ ಇದನ್ನು ತೂಗಿ ನೋಡಿದೆ. ನೆವಾಡದಲ್ಲಿ ಇಬ್ಬರು ಯುವಕರು ತಮಗೆ ತಾವೇ ಗುಂಡು ಹೊಡೆದುಕೊಂಡ ದುರಂತಕ್ಕೆ ಜೂಡಸ್ ಪ್ರೀಸ್ಟ್ ತಂಡದ ಹಾಡಿನಲ್ಲಿ ಅಡಗಿಸಿಟ್ಟ ಮಾತೇ ಕಾರಣವೆಂದು ಕುಟುಂಬಗಳು ದಾವೆ ಹೂಡಿದ್ದವು. 1990ರಲ್ಲಿ ರೀನೋ ನಗರದ ನ್ಯಾಯಾಧೀಶರು ತಂಡದ ಪರ ತೀರ್ಪಿತ್ತರು. ಮಾತಿನಂತೆ ಕೇಳಿದ್ದು ಧ್ವನಿಗಳು ಆಕಸ್ಮಿಕವಾಗಿ ಕೂಡಿಕೊಂಡದ್ದರಿಂದ ಎಂಬುದು ಅವರ ನಿರ್ಣಯ.

ತಪ್ಪು ಕಲ್ಪನೆ 4: ಹೆವಿ ಮೆಟಲ್ ಎಂದರೆ ಸೈತಾನನ ಆರಾಧನೆ.

ವಾಸ್ತವ: ಕೆಲವೆಡೆ ಹೌದು, ಬಹುತೇಕ ಕಡೆ ಅಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವ ತಾಳ್ಮೆ ಬೇಕು. ಐರನ್ ಮೇಡನ್ ತಂಡದ 1982ರ 'ದ ನಂಬರ್ ಆಫ್ ದ ಬೀಸ್ಟ್' ಬಂದಾಗ ಅಮೆರಿಕದ ಕೆಲವು ಗುಂಪುಗಳು ರೆಕಾರ್ಡುಗಳನ್ನು ಸುಟ್ಟವು. ಆ ಹಾಡು ಆರಂಭವಾಗುವುದೇ ಪ್ರಕಟನೆ ಗ್ರಂಥದ ವಾಚನದಿಂದ. ಮುಂದೆ ಬರುವುದು ಒಬ್ಬನ ಕೆಟ್ಟ ಕನಸಿನ ಭಯದ ವರ್ಣನೆ. ಅದರಲ್ಲಿ ಸೈತಾನನ ಸ್ತುತಿ ಇಲ್ಲ. ಆ ತಂಡಕ್ಕೆ ದಶಕಗಳ ಕಾಲ ಡ್ರಮ್ಸ್ ಬಾರಿಸಿದ ನಿಕೋ ಮೆಕ್‌ಬ್ರೇನ್ 1999ರಲ್ಲಿ ಕ್ರೈಸ್ತ ವಿಶ್ವಾಸಿಯಾದರು, ತಂಡ ಬಿಡಲಿಲ್ಲ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ಡ್ರಮ್ಸ್ ಹಿಂದೆ ಕೂತಿದ್ದವರು ಅವರೇ. ಬ್ಲ್ಯಾಕ್ ಸ್ಯಾಬತ್ ತಂಡಕ್ಕೆ ಸಾಹಿತ್ಯ ಬರೆಯುತ್ತಿದ್ದ ಗೀಜರ್ ಬಟ್ಲರ್ ಐರಿಷ್ ಕಥೋಲಿಕ ಮನೆತನದವರು. 1971ರಲ್ಲಿ ಅವರು ಬರೆದ 'ಆಫ್ಟರ್ ಫಾರೆವರ್' ದೇವರನ್ನು ಗೇಲಿ ಮಾಡುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1990ರ ದಶಕದ ಆರಂಭದಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಬಳಗದ ಕೆಲವರು ನಿಜವಾಗಿಯೂ ಚರ್ಚುಗಳಿಗೆ ಬೆಂಕಿ ಇಟ್ಟರು. ಬರ್ಗೆನ್ ಬಳಿಯ ಫಾಂಟಾಫ್ಟ್‌ನ ಪುರಾತನ ಮರದ ಚರ್ಚು 1992ರಲ್ಲಿ ಉರಿದುಹೋಯಿತು. ಅಲ್ಲಿದ್ದದ್ದು ನಾಟಕದ ವೇಷವಲ್ಲ, ಹಗೆ. ಹೆವಿ ಮೆಟಲ್ ಎಂಬ ಹಣೆಪಟ್ಟಿ ನೋಡಿದರೆ ಸಾಲದು, ಹಾಡುವವರು ಯಾರು, ಹಾಡುತ್ತಿರುವುದೇನು ಎಂದು ವಿಚಾರಿಸಬೇಕು ಎನ್ನುವುದು ಇದಕ್ಕೇ.

ತಪ್ಪು ಕಲ್ಪನೆ 5: ಲೋಕದ ಹಾಡು ಕೇಳಬಾರದೆಂದು ಸತ್ಯವೇದವೇ ಹೇಳಿದೆ.

ವಾಸ್ತವ: ಹಾಗೆಂದು ಹೇಳುವ ವಚನವಿಲ್ಲ. ಅಪೊಸ್ತಲರ ಕೃತ್ಯಗಳು 17ರಲ್ಲಿ ಪೌಲನು ಅಥೇನೆಯ ಪಂಡಿತರ ಮುಂದೆ ನಿಂತು, ಅವರದೇ ಕವಿಗಳ ಸಾಲನ್ನು ತನ್ನ ಬೋಧನೆಗೆ ಬಳಸಿಕೊಳ್ಳುತ್ತಾನೆ. ಆ ಸಾಲು ಗ್ರೀಕ್ ಕವಿ ಅರಾಟಸನದು. ಅವನು ಹೊಗಳಿದ್ದು ಜ್ಯೂಸ್ ದೇವತೆಯನ್ನು. ಆ ಕಾವ್ಯವನ್ನು ಓದದೆಯೋ ಕೇಳದೆಯೋ ಪೌಲನಿಗೆ ಅದು ಬಾಯಿಗೆ ಬಂದಿರಲಾರದು. ಪರಮಗೀತವಂತೂ ಗಂಡುಹೆಣ್ಣಿನ ಪ್ರೇಮದ ಹಾಡಾಗಿಯೇ ಪವಿತ್ರಗ್ರಂಥದಲ್ಲಿ ಕೂತಿದೆ.

ನೇರ ಆಜ್ಞೆ ಇಲ್ಲದ ಕಡೆ ಏನು ಮಾಡಬೇಕೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯ ಹೇಳುತ್ತದೆ. ಅಲ್ಲಿನ ಜಗಳ ಊಟ ಮತ್ತು ಹಬ್ಬದ ದಿನಗಳದ್ದು. ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು, ಇಬ್ಬರೂ ದೇವರಿಗೆ ಲೆಕ್ಕ ಒಪ್ಪಿಸಬೇಕಾದವರೇ ಎಂಬುದು ಅದರ ತಿರುಳು. ಹಾಡಿನ ವಿಷಯಕ್ಕೂ ಇದು ನೇರವಾಗಿ ಹೊಂದುತ್ತದೆ.

ತಪ್ಪು ಕಲ್ಪನೆ 6: ನಿಜವಾದ ವಿಶ್ವಾಸಿಗಳೆಲ್ಲ ರಾಕ್ ವಿಷಯದಲ್ಲಿ ಒಂದೇ ಅಭಿಪ್ರಾಯದವರು.

ವಾಸ್ತವ: ಒಂದೇ ವೇದಿಕೆಯ ಬಗ್ಗೆ ಇಬ್ಬರು ಪೋಪರಿಗೇ ಒಮ್ಮತವಿರಲಿಲ್ಲ. 1997ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಬೊಲೋನ್ಯದಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಪೋಪ್ ಎರಡನೇ ಜಾನ್ ಪಾಲರ ಮುಂದೆ ಹಾಡಿದರು. ಪೋಪರು ಡಿಲನ್ನರ ಹಳೆಯ ಹಾಡೊಂದನ್ನೇ ಹಿಡಿದುಕೊಂಡು ಯುವಜನರಿಗೆ ಪವಿತ್ರಾತ್ಮರ ಬಗ್ಗೆ ಬೋಧಿಸಿದರು. ಆಗ ಕಾರ್ಡಿನಲ್ ಆಗಿದ್ದ, ಮುಂದೆ ಹದಿನಾರನೇ ಬೆನೆಡಿಕ್ಟ್ ಎನಿಸಿಕೊಂಡ ರಾಟ್ಸಿಂಗರ್ ಅವರಿಗೆ ಆ ಏರ್ಪಾಡು ಹಿಡಿಸಿರಲಿಲ್ಲ. ಅದನ್ನವರು ಆಮೇಲೆ ಬರೆದೂ ಇದ್ದಾರೆ. ದೊಡ್ಡ ರಾಕ್ ಉತ್ಸವಗಳಲ್ಲಿ ಜನ ತಮ್ಮನ್ನೇ ಮರೆತು, ಅದೇ ಒಂದು ಪೂಜೆಯಾಗಿಬಿಡುತ್ತದೆ ಎಂಬುದು ಅವರ ಆಕ್ಷೇಪ. ಇದನ್ನು ಅಜ್ಜಂದಿರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ಡಬ್ಲಿನ್‌ನ ಯು2 ತಂಡದ ಬೋನೋ, ಎಡ್ಜ್ ಮತ್ತು ಲ್ಯಾರಿ ಮುಲೆನ್ 1981ರ ಸುಮಾರಿಗೆ ಇದೇ ಇಕ್ಕಟ್ಟಿನಲ್ಲಿದ್ದರು. ಅವರು ಸೇರಿದ್ದ ಪ್ರಾರ್ಥನಾ ಬಳಗಕ್ಕೆ ರಾಕ್ ಒಪ್ಪಿಗೆಯಾಗಿರಲಿಲ್ಲ. ತಂಡ ಒಡೆಯುವ ಹಂತಕ್ಕೆ ಬಂದು ಉಳಿಯಿತು. 1983ರ 'ವಾರ್' ಆಲ್ಬಮ್ಮಿನ ಕೊನೆಯ ಹಾಡನ್ನು ಅವರು 40ನೇ ಕೀರ್ತನೆಯಿಂದಲೇ ಕಟ್ಟಿದರು. ವರ್ಷಗಟ್ಟಲೆ ಅವರ ಕಾರ್ಯಕ್ರಮಗಳು ಅದರಿಂದಲೇ ಮುಗಿಯುತ್ತಿದ್ದವು. ತಂಡ ವೇದಿಕೆ ಇಳಿದ ಮೇಲೂ ಜನ ಹಾಡುತ್ತಲೇ ಇರುತ್ತಿದ್ದರು.

ನಮ್ಮ ದೇಶದಲ್ಲೂ ಒಂದೇ ಪದ್ಧತಿ ಇಲ್ಲ. ಜನಸಂಖ್ಯೆಯ ಮುಕ್ಕಾಲು ಪಾಲು ಕ್ರೈಸ್ತರಿರುವ ಮೇಘಾಲಯದ ಶಿಲ್ಲಾಂಗ್, ರಾಕ್ ಊರು ಎಂದೇ ಹೆಸರಾಗಿದೆ. ಅಲ್ಲಿನ ಗಾಯಕ ಲೂ ಮಜಾವ್ 1972ರಿಂದ ಪ್ರತಿ ಮೇ 24ರಂದು ಡಿಲನ್ ಹುಟ್ಟುಹಬ್ಬವನ್ನು ಹಾಡಿ ಆಚರಿಸುತ್ತ ಬಂದಿದ್ದಾರೆ. ಮಂಗಳೂರಿನ ಕಥೋಲಿಕರ ಮನೆಗಳಲ್ಲಿ 'ಕೊಂಕಣ್ ಕೋಗುಳ್' ಎಂದು ಹೆಸರಾದ ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರ ಪ್ರೇಮಗೀತೆಗಳೂ ತಮಾಷೆಯ ಹಾಡುಗಳೂ ಜಪಮಾಲೆಯ ಪ್ರಾರ್ಥನೆಯ ಜೊತೆಗೇ ಕೇಳಿಬಂದಿವೆ. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಎರೆದು ಹಾಡಿ ಕುಣಿಯುವವರೇ ಮರುದಿನ ಪೂಜೆಯಲ್ಲಿ ಮೊಣಕಾಲೂರುತ್ತಾರೆ. ಅದೇ ಊರಿನ ಕೆಲವು ಸಭೆಗಳಲ್ಲಿ ಸಿನಿಮಾ ಹಾಡೂ ನಿಷಿದ್ಧ.

ತಪ್ಪು ಕಲ್ಪನೆ 7: ಮಾರ್ಟಿನ್ ಲೂಥರ್ ಹೆಂಡದಂಗಡಿಯ ಮಟ್ಟುಗಳನ್ನೇ ಭಕ್ತಿಗೀತೆ ಮಾಡಿದ.

ವಾಸ್ತವ: ಇದು ರಾಕ್ ಪ್ರಿಯ ಕ್ರೈಸ್ತರ ಮೆಚ್ಚಿನ ಕಥೆ, ಇದಕ್ಕೂ ಆಧಾರ ಸಾಲದು. ಲೂಥರ್ ತಮ್ಮ ಒಂದು ಕ್ರಿಸ್‌ಮಸ್ ಗೀತೆಯನ್ನು ಮೊದಲು ಜನಪದ ಹಾಡೊಂದರ ಮಟ್ಟಿಗೆ ಹೊಂದಿಸಿದ್ದರು, ಕೆಲವೇ ವರ್ಷಗಳಲ್ಲಿ, 1539ರ ಹೊತ್ತಿಗೆ, ಅದಕ್ಕೆ ಹೊಸ ಮಟ್ಟು ಬಂದಿತ್ತು. ಬೇರೆ ಉದಾಹರಣೆ ಬೇಕಿದ್ದರೆ ಗಟ್ಟಿಯಾದದ್ದೇ ಇದೆ. ಜರ್ಮನ್ ಸಂಗೀತ ರಚನಕಾರ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯೊಂದರ ಮಟ್ಟು ಮುಂದೆ ಶುಭ ಶುಕ್ರವಾರದ ಶೋಕಗೀತೆಗೆ ಬಂತು. ಬಾಖ್ ಅದನ್ನು ತಮ್ಮ 'ಸೇಂಟ್ ಮ್ಯಾಥ್ಯೂ ಪ್ಯಾಶನ್'ನಲ್ಲಿ ಮತ್ತೆ ಮತ್ತೆ ತಂದರು. ನಮ್ಮ ಫರ್ಡಿನಂಡ್ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಈ ನಾಡಿನ ಕಾವ್ಯದ ಧಾಟಿಗೆ ತಂದದ್ದೂ ಇದೇ ಬಗೆಯ ಧೈರ್ಯ.

ತಪ್ಪು ಕಲ್ಪನೆ 8: ಹಾಗಾದರೆ ಏನನ್ನು ಬೇಕಾದರೂ ಕೇಳಬಹುದು.

ವಾಸ್ತವ: ಅಪ್ಪಣೆ ಇದೆ ಎಂದ ಮಾತ್ರಕ್ಕೆ ಎಲ್ಲವೂ ಹಿತವಲ್ಲ ಎಂದು ಪೌಲನೇ ಕೊರಿಂಥದವರಿಗೆ ಎಚ್ಚರಿಸಿದ್ದಾನೆ. ಹೆಣ್ಣನ್ನು ಸರಕು ಮಾಡುವ, ಮಾದಕ ವಸ್ತುವಿಗೆ ಮರುಳು ಮಾಡುವ, ಹಗೆಯನ್ನು ಹೊಗಳುವ ಹಾಡುಗಳು ರಾಕ್‌ನಲ್ಲಿ ಬೇಕಾದಷ್ಟಿವೆ. ಇಂಗ್ಲಿಷ್ ಅರ್ಥವಾಗುವುದಿಲ್ಲ, ಮಟ್ಟು ಚೆನ್ನಾಗಿದೆ ಎಂಬುದು ನೆಪ. ಸಾಹಿತ್ಯ ಇಂದು ಫೋನಿನಲ್ಲೇ ಸಿಗುತ್ತದೆ. ಕುಡಿತ ಬಿಟ್ಟು ಸಭೆಗೆ ಬಂದವನಿಗೆ ಹಳೆಯ ಪಬ್ಬಿನ ಹಾಡು ಹಳೆಯ ದಾರಿಯನ್ನೇ ತೋರಿಸಬಹುದು. ಅಂಥವನ ಎದುರು ಅದನ್ನು ಹಚ್ಚದಿರುವುದು ಪ್ರೀತಿ. ಆದರೆ ಅವನಿಗೆ ಒಗ್ಗದ್ದು ಎಲ್ಲರಿಗೂ ಪಾಪವೆಂದು ಸಾರುವುದು ಪ್ರೀತಿಯಲ್ಲ.

ಇನ್ನೊಂದು ಮಾತು: ಭಕ್ತಿಗೀತೆ ಎಂಬ ಚೀಟಿ ಅಂಟಿಸಿದ್ದೆಲ್ಲ ಒಳ್ಳೆಯದೂ ಅಲ್ಲ. ಅರ್ಥವಿಲ್ಲದ ಸಾಹಿತ್ಯ, ಹಣ ಬರುತ್ತದೆಂಬ ಆಮಿಷ ಅಲ್ಲೂ ನುಸುಳಿವೆ. ಸತ್ಯವಾದದ್ದನ್ನು, ಮಾನ್ಯವಾದದ್ದನ್ನು, ಶುದ್ಧವಾದದ್ದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂಬ ಫಿಲಿಪ್ಪಿಯವರ ಪತ್ರಿಕೆಯ ಬೋಧನೆ ಎರಡೂ ಕಪಾಟಿನ ಹಾಡುಗಳಿಗೆ ಒಂದೇ ಅಳತೆ.

ಕ್ರೈಸ್ತರು ಸಭೆಯ ಹೊರಗಿನ ರಾಕ್ ಸಂಗೀತವನ್ನು ಕೇಳಿ ಸಂತೋಷಪಡಬಹುದು. ಹಾಡು ಹೇಳುವುದೇನು, ಅದು ನನ್ನೊಳಗೆ ಏನನ್ನು ಎಬ್ಬಿಸುತ್ತದೆ, ಪಕ್ಕದಲ್ಲಿರುವವರಿಗೆ ಅದು ಏನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಸಾಕು. ಹೆತ್ತವರಿಗೂ ಸಭಾಪಾಲಕರಿಗೂ ಒಂದು ವಿನಂತಿ: ಮಕ್ಕಳ ಹಾಡನ್ನು ಬೇಡ ಎನ್ನುವ ಮುಂಚೆ ಅವರ ಜೊತೆ ಕೂತು ಒಮ್ಮೆ ಪೂರ್ತಿ ಕೇಳಿ. ಆಮೇಲೂ ಬೇಡ ಅನ್ನಿಸಿದರೆ, ಏಕೆ ಬೇಡ ಎಂದು ಹೇಳಲು ಆಗ ನಿಮ್ಮ ಹತ್ತಿರ ಕಾರಣವಿರುತ್ತದೆ.