ನೆನಪಿನಿಂದ ಕಟ್ಟಿದ ಪ್ರಶ್ನೆಪತ್ರಿಕೆ

ಎಂಬಿಎ ಪ್ರವೇಶಕ್ಕೆಂದು ಹಲವು ದೇಶಗಳ ಬಿಸಿನೆಸ್ ಸ್ಕೂಲುಗಳು ಒಪ್ಪುವ ಜಿಮ್ಯಾಟ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಅಭ್ಯರ್ಥಿಯ ಕೈಗೆ ಬರುವುದೇ ಇಲ್ಲ. ಪ್ರಶ್ನೆಗಳು ಒಂದೊಂದಾಗಿ ಪರದೆಯ ಮೇಲೆ ಮೂಡಿ, ಉತ್ತರ ಗುರುತಿಸಿದ ಮೇಲೆ ಮುಂದಿನದಕ್ಕೆ ಜಾಗ ಬಿಡುತ್ತವೆ. ಲೆಕ್ಕ ಮಾಡಲು ಪರೀಕ್ಷಾ ಕೇಂದ್ರದವರು ಕೊಟ್ಟ ಹಾಳೆಯನ್ನೂ ಹೊರಡುವಾಗ ಅವರಿಗೇ ಒಪ್ಪಿಸಬೇಕು. ಬಾಗಿಲು ದಾಟಿ ಹೊರಗೆ ಬರುವುದು ತಲೆಯಲ್ಲಿ ಉಳಿದಷ್ಟು ಮಾತ್ರ. ಹಾಗೆ ಉಳಿದ ಪ್ರಶ್ನೆಗಳನ್ನು ಬರೆದಿಡುವುದು, ಹತ್ತಾರು ಜನರ ನೆನಪನ್ನು ಒಟ್ಟುಗೂಡಿಸುವುದು, ಮುಂದಿನ ಅಭ್ಯರ್ಥಿಗಳಿಗೆ ಹಂಚುವುದು, ಕೊನೆಗೆ ಹಣಕ್ಕೆ ಮಾರುವುದು ಹಂತಹಂತವಾಗಿ ಬೆಳೆದ ಒಂದು ಪದ್ಧತಿ. ಪರೀಕ್ಷೆ ನಡೆಸುವವರು ತಮ್ಮ ವಿಧಾನವನ್ನು ಬದಲಿಸಿದಂತೆಲ್ಲ ಇದೂ ರೂಪ ಬದಲಿಸುತ್ತ ಬಂದಿದೆ.

ಇದರ ಬೇರು ಜಿಮ್ಯಾಟ್‌ಗಿಂತ ಹಳೆಯದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1938ರಿಂದ ಮನೆಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಕಪ್ಲಾನ್, 1940ರ ದಶಕದಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡತೊಡಗಿದರು. ಆ ಕಾಲದಲ್ಲಿ ಎಸ್‌ಎಟಿ ಪ್ರಶ್ನೆಗಳು ಹೊರಗಿನವರಿಗೆ ಸಿಗುತ್ತಿರಲಿಲ್ಲ. ಕಪ್ಲಾನ್ ಪರೀಕ್ಷೆ ಮುಗಿಸಿ ಬಂದ ಶಿಷ್ಯರಿಗೆ ಔತಣಕೂಟ ಏರ್ಪಡಿಸುತ್ತಿದ್ದರು. ತಿನ್ನುತ್ತ, ಹರಟುತ್ತ ಹುಡುಗರು ಆ ದಿನದ ಪ್ರಶ್ನೆಗಳನ್ನು ನೆನಪಿಸಿಕೊಳ್ಳುತ್ತಿದ್ದರೆ ಕಪ್ಲಾನ್ ಮತ್ತು ಅವರ ಸಹಾಯಕರು ಕೇಳಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಮುಂದಿನ ವರ್ಷದ ಪಾಠಕ್ಕೆ ಆ ಟಿಪ್ಪಣಿಗಳೇ ಆಧಾರ. ಮುಂದೆ ಅವರ ಈ ಮನೆಪಾಠವೇ ದೇಶದುದ್ದಕ್ಕೂ ಶಾಖೆಗಳಿರುವ ಕೋಚಿಂಗ್ ಕಂಪನಿಯಾಯಿತು.

ಜಿಮ್ಯಾಟ್ ಹುಟ್ಟಿದ್ದು ಇದೇ ಸುಮಾರಿಗೆ. 1953ರಲ್ಲಿ ಅಮೆರಿಕದ ಒಂಬತ್ತು ಬಿಸಿನೆಸ್ ಸ್ಕೂಲುಗಳು ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಅಳತೆಯಲ್ಲಿ ತೂಗಬಲ್ಲ ಪರೀಕ್ಷೆ ಬೇಕೆಂದು ಒಟ್ಟು ಸೇರಿದವು. ಪರೀಕ್ಷೆ ರೂಪಿಸುವ ಹೊಣೆ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಅಂದರೆ ಇಟಿಎಸ್ ಸಂಸ್ಥೆಗೆ ಹೋಯಿತು. ಮೊದಲ ಪರೀಕ್ಷೆ ನಡೆದದ್ದು 1954ರ ಫೆಬ್ರುವರಿಯಲ್ಲಿ. ಈಗಿನ ಹೆಸರು ಬಂದದ್ದು 1976ರಲ್ಲಿ. ಆಗ ಅದು ವರ್ಷದಲ್ಲಿ ಕೆಲವೇ ದಿನ, ಕಾಗದದ ಮೇಲೆ, ಎಲ್ಲರಿಗೂ ಏಕಕಾಲಕ್ಕೆ ನಡೆಯುವ ಪರೀಕ್ಷೆ. ಒಂದು ದಿನ ಬಳಸಿದ ಪತ್ರಿಕೆ ಮುಂದಿನ ಸಲಕ್ಕೆ ಬರುವ ಸಂಭವ ಕಡಿಮೆಯಾದ್ದರಿಂದ ನೆನಪಿನ ಪ್ರಶ್ನೆಗಳಿಗೆ ಅಂಥ ಬೆಲೆಯಿರಲಿಲ್ಲ. 1979ರಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಕಾನೂನು ತಂದು, ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಗಳನ್ನೂ ಸರಿಯುತ್ತರಗಳನ್ನೂ ಅಭ್ಯರ್ಥಿಗೆ ತೋರಿಸಬೇಕೆಂದು ವಿಧಿಸಿತು. ತೆರೆದಿಟ್ಟ ಪತ್ರಿಕೆಯನ್ನು ಕದ್ದು ಬರೆದುಕೊಳ್ಳುವ ಅಗತ್ಯ ಯಾರಿಗೂ ಇರುವುದಿಲ್ಲ.

ಸ್ಥಿತಿ ತಲೆಕೆಳಗಾದದ್ದು ಕಂಪ್ಯೂಟರ್ ಬಂದಾಗ. ಇತರ ಸ್ನಾತಕೋತ್ತರ ಕೋರ್ಸುಗಳಿಗೆ ನಡೆಯುವ ಜಿಆರ್‌ಇ ಪರೀಕ್ಷೆ 1993ರಲ್ಲಿ, ಜಿಮ್ಯಾಟ್ 1997ರಲ್ಲಿ ಹೊಸ ಮಾದರಿಗೆ ಬದಲಾದವು. ಈ ಮಾದರಿಯಲ್ಲಿ ಎಲ್ಲರಿಗೂ ಒಂದೇ ಪತ್ರಿಕೆ ಇರುವುದಿಲ್ಲ. ಅಭ್ಯರ್ಥಿ ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕೊಂಚ ಕಠಿಣ, ತಪ್ಪಿದರೆ ಕೊಂಚ ಸುಲಭ. ಹೀಗೆ ಮೇಲೆ ಕೆಳಗೆ ಸರಿಯುತ್ತ ಯಂತ್ರ ಅವರ ಮಟ್ಟವನ್ನು ಅಂದಾಜು ಮಾಡುತ್ತದೆ. ಇದು ನಡೆಯಬೇಕಾದರೆ ಪ್ರತಿ ಪ್ರಶ್ನೆಯೂ ಎಷ್ಟು ಕಠಿಣ ಎಂಬುದು ಮೊದಲೇ ಅಂಕಿಯಲ್ಲಿ ಗೊತ್ತಿರಬೇಕು. ಅದನ್ನು ತಿಳಿಯಲು ಹೊಸ ಪ್ರಶ್ನೆಯನ್ನು ಮೊದಲು ಅಂಕವಿಲ್ಲದ ಪ್ರಶ್ನೆಯಾಗಿ ನಿಜವಾದ ಪರೀಕ್ಷೆಯ ನಡುವೆ ಸೇರಿಸಿ, ಸಾಕಷ್ಟು ಅಭ್ಯರ್ಥಿಗಳ ಉತ್ತರ ಪಡೆದು ಅಳೆಯುತ್ತಾರೆ. ಬರೆಯುವುದು, ತಜ್ಞರು ತಿದ್ದುವುದು, ಹೀಗೆ ಅಳೆಯುವುದು ಎಲ್ಲ ಸೇರಿ ಒಂದೊಂದು ಪ್ರಶ್ನೆಗೂ ಬಹಳ ಸಮಯ ಮತ್ತು ಹಣ ಹಿಡಿಯುತ್ತದೆ. ಇಷ್ಟು ಶ್ರಮದಿಂದ ತಯಾರಾದದ್ದನ್ನು ಒಂದೇ ದಿನ ಬಳಸಿ ಎಸೆಯಲಾಗದು. ಹಾಗಾಗಿ ಪ್ರಶ್ನೆಗಳು ಒಂದು ಕೋಶದಲ್ಲಿದ್ದು ವಾರಗಟ್ಟಲೆ, ತಿಂಗಳುಗಟ್ಟಲೆ ಮತ್ತೆ ಮತ್ತೆ ಬಳಕೆಯಾಗುತ್ತವೆ. ಪರೀಕ್ಷೆಯೂ ವರ್ಷವಿಡೀ ನಡೆಯುತ್ತದೆ. ಸೋಮವಾರ ಒಬ್ಬರಿಗೆ ಬಂದ ಪ್ರಶ್ನೆ ಮುಂದಿನ ಶುಕ್ರವಾರ ಇನ್ನೊಬ್ಬರಿಗೆ ಬರಬಹುದು. ನೆನಪಿಗೆ ಬೆಲೆ ಹುಟ್ಟಿದ್ದು ಇಲ್ಲಿಂದ.

ಈ ದೌರ್ಬಲ್ಯವನ್ನು ಬಯಲಿಗೆಳೆದದ್ದು ಅದೇ ಕಪ್ಲಾನ್ ಸಂಸ್ಥೆ. 1994ರಲ್ಲಿ ಅದು ತನ್ನ ಸುಮಾರು 20 ನೌಕರರನ್ನು ಕಂಪ್ಯೂಟರ್ ಜಿಆರ್‌ಇ ಬರೆಯಲು ಕಳುಹಿಸಿತು. ಅವರು ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಬಂದರು. ಕೋಶದ ಗಣನೀಯ ಭಾಗ ಮತ್ತೆ ಕಾಗದಕ್ಕಿಳಿಯಿತು. ಪರೀಕ್ಷೆಯ ಲೋಪವನ್ನು ತೋರಿಸಲು ಹೀಗೆ ಮಾಡಿದೆವೆಂದು ಸಂಸ್ಥೆ ಆ ಪ್ರಶ್ನೆಗಳನ್ನು ಇಟಿಎಸ್ ಮುಂದಿಟ್ಟಿತು. ಇಟಿಎಸ್ ಕಂಪ್ಯೂಟರ್ ಪರೀಕ್ಷೆಯನ್ನು ಕೆಲ ದಿನ ನಿಲ್ಲಿಸಿ, ಕಪ್ಲಾನ್ ಮೇಲೆ ಮೊಕದ್ದಮೆ ಹೂಡಿತು. ಕಡೆಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಕಪ್ಲಾನ್ ಆರಿಸಿಕೊಂಡ ದಾರಿಯನ್ನು ಒಪ್ಪುವುದು ಕಷ್ಟ. ಆದರೆ ಅದು ತೋರಿಸಿದ ಬಿರುಕು ನಿಜವಾದದ್ದು. ಆ ಬಿರುಕಿನಲ್ಲೇ ಮುಂದಿನದೆಲ್ಲ ಬೆಳೆಯಿತು.

ಬೆಳೆದದ್ದು ಮುಖ್ಯವಾಗಿ ಪೂರ್ವ ಏಷ್ಯಾದಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊರಟ ಚೀನೀ ವಿದ್ಯಾರ್ಥಿಗಳ ನಡುವೆ 'ಜೀಜಿಂಗ್' ಎಂಬ ಮಾತು ಚಾಲ್ತಿಗೆ ಬಂತು. ಕಂಪ್ಯೂಟರ್ ಪರೀಕ್ಷೆ ಬರೆದು ಬಂದವರ ಅನುಭವ ಟಿಪ್ಪಣಿಗೆ ಅವರಿಟ್ಟ ಹೆಸರು ಅದು. ಹೊರದೇಶಗಳ ಅಭ್ಯರ್ಥಿಗಳು ಇದನ್ನು ಚಿಕ್ಕದಾಗಿ 'ಜೆಜೆ' ಎಂದರು. ಇದಕ್ಕೆ ತನ್ನದೇ ಆದ ಕ್ರಮವಿತ್ತು. ಪರೀಕ್ಷೆ ಮುಗಿಸಿದವರು ನೆನಪಿದ್ದಷ್ಟನ್ನು ಅದೇ ದಿನ ಬರೆದು ಹಾಕುವರು. ಕೆಲವರು ಸ್ವಯಂಪ್ರೇರಿತರಾಗಿ ಅವುಗಳನ್ನು ಗಣಿತ, ಓದಿನ ಗ್ರಹಿಕೆ, ತರ್ಕ ಎಂದು ವಿಂಗಡಿಸಿ, ಒಂದೇ ಪ್ರಶ್ನೆಯ ಬೇರೆ ಬೇರೆ ಆವೃತ್ತಿಗಳನ್ನು ಜೋಡಿಸಿ ಪುಸ್ತಿಕೆ ಮಾಡುವರು. ಓದಿನ ಗ್ರಹಿಕೆಗೆ ಬಂದ ಗದ್ಯಭಾಗದ ವಿಷಯವಷ್ಟೇ ನೆನಪಿದ್ದರೆ, ಅದನ್ನು ಯಾವ ಲೇಖನದಿಂದ ಆಯ್ದಿದ್ದಾರೆಂದು ಹುಡುಕಿ ಮೂಲವನ್ನೇ ತರುವರು. ಈ ಕೆಲಸವನ್ನು 'ಪುರಾತತ್ವ' ಎಂದೇ ಕರೆಯುತ್ತಿದ್ದರು. ಪರೀಕ್ಷಾ ಸಂಸ್ಥೆ ಪ್ರಶ್ನಕೋಶವನ್ನು ಬದಲಿಸಿದ ಸುಳಿವು ಸಿಕ್ಕಿತೆಂದರೆ ಹಳೆಯ ಪುಸ್ತಿಕೆ ಅಲ್ಲಿಗೆ ಮುಗಿಯಿತು, ಹೊಸದು ಶುರುವಾಯಿತು. ಹಲವರು ಬದಲಾವಣೆಯಾದ ಕೂಡಲೇ ಪರೀಕ್ಷೆಗೆ ಕೂರದೆ, ಸಾಕಷ್ಟು ನೆನಪು ಒಟ್ಟಾಗುವವರೆಗೆ ಕಾದು ದಿನಾಂಕ ಗೊತ್ತು ಮಾಡುತ್ತಿದ್ದರು.

ಇದರ ಪರಿಣಾಮ ಅಂಕಗಳಲ್ಲೇ ಕಾಣಿಸಿತು. 2002ರಲ್ಲಿ ಇಟಿಎಸ್ ನಡೆಸಿದ ವಿಚಾರಣೆಯಲ್ಲಿ ಜಿಆರ್‌ಇಯ ಭಾಷಾ ವಿಭಾಗದ ಸರಾಸರಿ ಅಂಕ ಚೀನಾದಲ್ಲಿ 100, ತೈವಾನ್‌ನಲ್ಲಿ 75, ದಕ್ಷಿಣ ಕೊರಿಯಾದಲ್ಲಿ 50ರಷ್ಟು ಏರಿದ್ದು ಕಂಡುಬಂತು. ಅಂತರ್ಜಾಲದಲ್ಲಿ ಚೀನೀ ಮತ್ತು ಕೊರಿಯನ್ ಭಾಷೆಗಳಲ್ಲಿ ಹರಡಿದ್ದ ಪ್ರಶ್ನೆಗಳೇ ಇದಕ್ಕೆ ಕಾರಣ ಎಂದು ಸಂಸ್ಥೆ ಹೇಳಿ, ಆ ಪ್ರದೇಶಗಳಲ್ಲಿ ಕಂಪ್ಯೂಟರ್ ಪರೀಕ್ಷೆಯನ್ನು ಕೈಬಿಟ್ಟು ಮತ್ತೆ ಕಾಗದಕ್ಕೆ ಮರಳಿತು. ನೆನಪಿನ ಪುಸ್ತಿಕೆಯನ್ನು ಕಣ್ಣೆತ್ತಿಯೂ ನೋಡದೆ ವರ್ಷಗಟ್ಟಲೆ ಓದಿದ ವಿದ್ಯಾರ್ಥಿಯ ಅಂಕವೂ ಅನುಮಾನದ ಪಟ್ಟಿಗೆ ಸೇರಿತು. ಇಡೀ ಕಥೆಯಲ್ಲಿ ದೊಡ್ಡ ಅನ್ಯಾಯವಾದದ್ದು ಇವರಿಗೇ. ಪರೀಕ್ಷಾ ಸಂಸ್ಥೆಗೆ ಹೊಸ ಪ್ರಶ್ನೆ ಬರೆಸುವ ಶಕ್ತಿಯಿದೆ. ಪ್ರಾಮಾಣಿಕ ಅಭ್ಯರ್ಥಿಗೆ ತನ್ನ ಪ್ರಾಮಾಣಿಕತೆಯನ್ನು ರುಜುವಾತು ಮಾಡುವ ದಾರಿಯೇ ಇಲ್ಲ.

ನ್ಯಾಯಾಲಯಗಳಿಗೂ ವಿಷಯ ಹೋಯಿತು. ಬೀಜಿಂಗ್‌ನಲ್ಲಿ ಯು ಮಿನ್‌ಹಾಂಗ್ 1993ರಲ್ಲಿ ಆರಂಭಿಸಿದ ನ್ಯೂ ಓರಿಯಂಟಲ್ ಕೋಚಿಂಗ್ ಶಾಲೆ ತಮ್ಮ ಪ್ರಶ್ನೆಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರುತ್ತಿದೆ ಎಂದು ಇಟಿಎಸ್ ಹಾಗೂ ಜಿಮ್ಯಾಟ್‌ನ ಒಡೆತನವಿರುವ ಜಿಮ್ಯಾಕ್ ಮಂಡಳಿ 2001ರಲ್ಲಿ ಅಲ್ಲಿಯೇ ದಾವೆ ಹೂಡಿದವು. 2003ರಲ್ಲಿ ಕೆಳ ನ್ಯಾಯಾಲಯ ಶಾಲೆಯ ವಿರುದ್ಧ ತೀರ್ಪಿತ್ತಿತು. 2004ರ ಕೊನೆಯಲ್ಲಿ ಬೀಜಿಂಗ್ ಉಚ್ಚ ನ್ಯಾಯಾಲಯ ಪರಿಹಾರದ ಮೊತ್ತವನ್ನು ಇಳಿಸಿದರೂ ಹಕ್ಕುಸ್ವಾಮ್ಯ ಉಲ್ಲಂಘನೆಯಾಗಿದೆ ಎಂಬುದನ್ನು ಎತ್ತಿಹಿಡಿಯಿತು.

ಜಿಮ್ಯಾಟ್‌ನ ಚರಿತ್ರೆಯಲ್ಲಿ ಹೆಚ್ಚು ಸದ್ದು ಮಾಡಿದ್ದು 2008ರ ಸ್ಕೋರ್‌ಟಾಪ್ ಪ್ರಕರಣ. ಆ ಜಾಲತಾಣ ತಿಂಗಳಿಗೆ 30 ಡಾಲರ್ ಪಡೆದು, ಇನ್ನೂ ಬಳಕೆಯಲ್ಲಿದ್ದ ಪ್ರಶ್ನೆಗಳನ್ನು ಚಂದಾದಾರರಿಗೆ ಒದಗಿಸುತ್ತಿತ್ತು. ಅಮೆರಿಕದ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಜೂನ್‌ನಲ್ಲಿ ಜಿಮ್ಯಾಕ್‌ಗೆ 23 ಲಕ್ಷ ಡಾಲರ್ ಪರಿಹಾರ ಕೊಡುವಂತೆ ಆದೇಶಿಸಿತು. ತಾಣದ ಕಂಪ್ಯೂಟರ್ ದಾಖಲೆಗಳು ಮಂಡಳಿಯ ಕೈಗೆ ಬಂದವು. ಯಾರು ಹಣ ಕಟ್ಟಿದ್ದಾರೆ, ಯಾರು ಏನು ಬರೆದಿದ್ದಾರೆ ಎಂಬುದೆಲ್ಲ ಅದರಲ್ಲಿತ್ತು. ಸುಮಾರು 6,000 ಚಂದಾದಾರರಿದ್ದಾರೆಂಬ ಸುದ್ದಿ ಹಬ್ಬಿ, ಆಗಲೇ ದೊಡ್ಡ ಬಿಸಿನೆಸ್ ಸ್ಕೂಲುಗಳಲ್ಲಿ ಸೀಟು ಪಡೆದವರೂ ನಡುಗಿದರು. ಸೆಪ್ಟೆಂಬರ್‌ನಲ್ಲಿ ಮಂಡಳಿ 84 ಮಂದಿಯ ಅಂಕ ರದ್ದು ಮಾಡಿ ಸಂಬಂಧಪಟ್ಟ ಸ್ಕೂಲುಗಳಿಗೆ ತಿಳಿಸಿತು. ಬರೇ ಚಂದಾ ಕಟ್ಟಿದವರನ್ನು ಬಿಟ್ಟು, ಪ್ರಶ್ನೆ ಹಾಕಿದವರನ್ನೂ ಅಲ್ಲಿ ನೋಡಿದ ಪ್ರಶ್ನೆಯೇ ತಮಗೆ ಬಂತೆಂದು ಬರೆದುಕೊಂಡವರನ್ನೂ ಮಾತ್ರ ಹಿಡಿದದ್ದು ವಿವೇಕದ ಕ್ರಮ.

ಇಷ್ಟೆಲ್ಲ ಅಪಾಯ ಹೊತ್ತು ಪಡೆಯುವ ಸರಕಾದರೂ ಎಂಥದ್ದು? ಜಿಮ್ಯಾಟ್‌ನಲ್ಲಿ, ಕೊಟ್ಟ ಮಾಹಿತಿ ಉತ್ತರ ಹೇಳಲು ಸಾಕೇ ಎಂದು ಕೇಳುವ ಒಂದು ಬಗೆಯ ಪ್ರಶ್ನೆಗಳಿವೆ. ಈ ಮಾದರಿ ನೋಡಿ: x ಒಂದು ಧನ ಪೂರ್ಣಾಂಕವಾದರೆ ಅದರ ಬೆಲೆಯೆಷ್ಟು? ಹೇಳಿಕೆ ಒಂದು, x ನ ವರ್ಗ 49. ಹೇಳಿಕೆ ಎರಡು, x ಹತ್ತಕ್ಕಿಂತ ಚಿಕ್ಕದು. ಮೊದಲ ಹೇಳಿಕೆಯೊಂದೇ ಸಾಕು, x ಅಂದರೆ 7, ಎರಡನೆಯದೊಂದೇ ಸಾಲದು. ಹಾಗಾಗಿ ಐದು ಆಯ್ಕೆಗಳಲ್ಲಿ ಮೊದಲನೆಯದು ಸರಿಯುತ್ತರ. ಈಗ ಪರೀಕ್ಷೆಯ ದಣಿವಿನಲ್ಲಿ ಹೊರಬಂದವರು 'ಧನ' ಎಂಬ ಒಂದು ಮಾತನ್ನು ಮರೆತು ಬರೆದರೆನ್ನಿ. x 7 ಇರಬಹುದು, ಋಣ 7 ಕೂಡ ಇರಬಹುದು. ಎರಡೂ ಹತ್ತಕ್ಕಿಂತ ಚಿಕ್ಕವೇ. ಎರಡು ಹೇಳಿಕೆ ಸೇರಿದರೂ ಸಾಲದು ಎಂಬ ಕೊನೆಯ ಆಯ್ಕೆ ಸರಿಯಾಗಿಬಿಡುತ್ತದೆ. ಒಂದು ಮಾತು ಬಿಟ್ಟುಹೋದದ್ದಕ್ಕೆ ಉತ್ತರ ಈ ತುದಿಯಿಂದ ಆ ತುದಿಗೆ ಹೋಯಿತು. ಪುಸ್ತಿಕೆಯ ಉತ್ತರವನ್ನು ಬಾಯಿಪಾಠ ಮಾಡಿದವರು ನಿಜವಾದ ಪ್ರಶ್ನೆ ಎದುರಾದಾಗ ತಪ್ಪನ್ನೇ ಗುರುತಿಸುತ್ತಾರೆ. ನೆನಪಿನ ಪ್ರಶ್ನೆಯನ್ನು ಬಿಡಿಸಿ ಸರಿಯುತ್ತರ ಕಂಡುಕೊಳ್ಳಬಲ್ಲವರಿಗೆ ಅದರ ಅಗತ್ಯವೇ ಇಲ್ಲ. ಅಗತ್ಯವಿರುವವರಿಗೆ ಅದರ ಲೋಪ ಕಾಣುವುದಿಲ್ಲ. ಜೊತೆಗೆ, ಪರಿಚಿತ ಪ್ರಶ್ನೆಗಳಿಂದ ಮೇಲೇರಿದವರ ಮುಂದೆ ಯಂತ್ರ ಇನ್ನೂ ಕಠಿಣವಾದ, ಎಲ್ಲೂ ಕಂಡಿರದ ಪ್ರಶ್ನೆಗಳನ್ನು ತಂದಿಡುತ್ತದೆ.

ಪರೀಕ್ಷೆ ನಡೆಸುವವರ ಪ್ರತಿತಂತ್ರ ಎರಡು ದಿಕ್ಕಿನಲ್ಲಿ ಸಾಗಿತು. ಒಂದು, ಕಾವಲು. 2006ರಲ್ಲಿ ಜಿಮ್ಯಾಟ್ ಇಟಿಎಸ್‌ನಿಂದ ಪಿಯರ್ಸನ್ ವ್ಯೂ ಸಂಸ್ಥೆಯ ಕೇಂದ್ರಗಳಿಗೆ ಹೋಯಿತು. 2008ರಲ್ಲಿ ಅಂಗೈಯ ರಕ್ತನಾಳಗಳ ಚಿತ್ರ ಹಿಡಿದು ಅಭ್ಯರ್ಥಿಯನ್ನು ಗುರುತಿಸುವ ಯಂತ್ರ ಬಂತು. ಅದನ್ನು ಮೊದಲು ಬಳಸಿದ ದೇಶಗಳು ಭಾರತ ಮತ್ತು ದಕ್ಷಿಣ ಕೊರಿಯಾ. ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಕುಳಿತು ಪ್ರಶ್ನೆ ಹೊತ್ತು ತರುವವರಿಗೆ ಇದರಿಂದ ಬಾಗಿಲು ಮುಚ್ಚಿತು. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂಬ ಕರಾರನ್ನು ಪರದೆಯ ಮೇಲೆ ಒಪ್ಪದಿದ್ದರೆ ಪರೀಕ್ಷೆಯೇ ತೆರೆದುಕೊಳ್ಳುವುದಿಲ್ಲ. ಇನ್ನೊಂದು, ಕೋಶವನ್ನು ಹಿಗ್ಗಿಸಿ, ಬೇಗ ಬೇಗ ತಿರುಗಿಸಿ, ಒಂದೇ ಪ್ರಶ್ನೆ ಹೆಚ್ಚು ಜನರಿಗೆ ಕಾಣದಂತೆ ಮಿತಿ ಹಾಕುವುದು. ಕಾವಲಿಗಿಂತ ಇದರ ಫಲವೇ ದೊಡ್ಡದು. ನೆನಪಿನ ಪುಸ್ತಿಕೆ ಕಟ್ಟುವ ವೇಗಕ್ಕಿಂತ ಕೋಶ ಬದಲಾಗುವ ವೇಗ ಹೆಚ್ಚಾದರೆ ಪುಸ್ತಿಕೆ ಹಳಸುತ್ತದೆ.

ಭಾರತದ ಐಐಎಂಗಳ ಕ್ಯಾಟ್ ಪರೀಕ್ಷೆ ಇದೇ ಹಾದಿಯನ್ನು ಚಿಕ್ಕದರಲ್ಲಿ ತುಳಿಯಿತು. 2003ರ ನವೆಂಬರ್‌ನಲ್ಲಿ ಪತ್ರಿಕೆಯೇ ಸೋರಿಕೆಯಾಗಿ 2004ರ ಫೆಬ್ರುವರಿಯಲ್ಲಿ ಮರುಪರೀಕ್ಷೆ ನಡೆಯಿತು. ಅದು ನೆನಪಿನ ವಿಷಯವಲ್ಲ, ಕಳ್ಳತನ. 2009ರಲ್ಲಿ ಕ್ಯಾಟ್ ಕಂಪ್ಯೂಟರಿಗೆ ಬದಲಾಗಿ, ಒಂದೇ ದಿನದ ಬದಲು ಹತ್ತು ದಿನಗಳ ಅವಧಿಗೆ ಹರಡಿತು. ಪ್ರಶ್ನೆಪತ್ರಿಕೆ ಹೊರಗೆ ಕೊಡುವುದು ನಿಂತಿತು, ಪ್ರಶ್ನೆ ಹೇಳಬಾರದೆಂಬ ಕರಾರು ಬಂತು. ಅಭ್ಯರ್ಥಿಗಳು ನೆನಪಿಸಿಕೊಂಡ ಪ್ರಶ್ನೆಗಳು ಆ ವರ್ಷಗಳಲ್ಲಿ ಕೋಚಿಂಗ್ ಕೇಂದ್ರಗಳ ಪುಸ್ತಿಕೆಗಳಾಗಿ ಓಡಾಡಿದವು. 2015ರಲ್ಲಿ ಪರೀಕ್ಷೆ ಮತ್ತೆ ಒಂದೇ ದಿನಕ್ಕೆ ಬಂತು. ಈಗ ಪ್ರಶ್ನೆಗಳನ್ನೂ ಅಭ್ಯರ್ಥಿಯ ಉತ್ತರಗಳನ್ನೂ ಐಐಎಂಗಳೇ ತೋರಿಸುತ್ತವೆ. ಕರ್ನಾಟಕದಲ್ಲಿ ಎಂಬಿಎ ಪ್ರವೇಶಕ್ಕೆ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿಯಲ್ಲೂ ಸರಿಯುತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆ ಕೇಳುವ ರೂಢಿಯಿದೆ. ಮರೆಮಾಚುವುದು ಇಲ್ಲದ ಕಡೆ ನೆನಪಿಗೆ ಗಿರಾಕಿಯಿಲ್ಲ.

ಜಿಮ್ಯಾಟ್ ವರ್ಷವಿಡೀ ನಡೆಯುವ ಪರೀಕ್ಷೆಯಾದ್ದರಿಂದ ಅದಕ್ಕೆ ಈ ಸರಳ ದಾರಿ ತೆರೆದಿಲ್ಲ. 2023ರ ನವೆಂಬರ್‌ನಲ್ಲಿ ಬಂದ ಹೊಸ ರೂಪದಲ್ಲಿ 64 ಪ್ರಶ್ನೆಗಳಿಗೆ ಎರಡೂಕಾಲು ಗಂಟೆ. ಅಂಕಗಳು 205ರಿಂದ 805ರವರೆಗೆ. ವಾಕ್ಯ ತಿದ್ದುವ ಹಳೆಯ ಬಗೆಯ ಪ್ರಶ್ನೆಗಳೂ ರೇಖಾಗಣಿತವೂ ಹೋಗಿವೆ. ಬಳಕೆಯಿಂದ ತೆಗೆದ ಪ್ರಶ್ನೆಗಳನ್ನು ಮಂಡಳಿ ತಾನೇ ಅಧಿಕೃತ ಪುಸ್ತಕವಾಗಿ ಅಚ್ಚು ಹಾಕುತ್ತದೆ. ಎರಡು ಪೂರ್ಣ ಅಭ್ಯಾಸ ಪರೀಕ್ಷೆಗಳು ಮಂಡಳಿಯ ತಾಣದಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತವೆ.