ನಡಿಗೆಗೆ ತಕ್ಕ ಹೊರೆ

ತುಮಕೂರು ಜಿಲ್ಲೆಯಲ್ಲಿ ಬೆಟ್ಟಗಳಿಗೆ ಕೊರತೆಯಿಲ್ಲ. ತುಮಕೂರು ನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ದೇವರಾಯನದುರ್ಗವಿದೆ. ಅದರ ತಪ್ಪಲಿನ ಕಾಡಿನಲ್ಲಿ ಬಂಡೆಯಿಂದ ನೀರು ಒಸರುವ ನಾಮದ ಚಿಲುಮೆಯಿದೆ. ಜಯಮಂಗಲಿ ನದಿ ಹುಟ್ಟುವುದೂ ಈ ಬೆಟ್ಟಗಳಲ್ಲಿಯೇ. ಕುಣಿಗಲ್ ತಾಲ್ಲೂಕಿನಲ್ಲಿ ಹುಲಿಯೂರುದುರ್ಗ ಮತ್ತು ಹುತ್ರಿದುರ್ಗಗಳು ಹಳೆಯ ಕೋಟೆಗಳ ಅವಶೇಷಗಳನ್ನು ಹೊತ್ತು ನಿಂತಿವೆ. ಗುಬ್ಬಿಯಲ್ಲಿ ಬೆಳಗಿನ ರೈಲು ಹತ್ತಿದ ವಿದ್ಯಾರ್ಥಿಗಳು ತುಮಕೂರಿನಲ್ಲಿ ಇಳಿದು ದುರ್ಗದ ದಾರಿ ಹಿಡಿಯಬಹುದು. ಇಂತಹ ಸ್ಥಳಗಳನ್ನು ಕಾಲ್ನಡಿಗೆಯಲ್ಲಿ ಕಾಣುವುದರಲ್ಲಿ ಒಂದು ವಿಶೇಷವಾದ ಆನಂದವಿದೆ. ಆದರೆ ಬೆನ್ನ ಮೇಲಿನ ಹೊರೆ ಸರಿಯಿಲ್ಲದಿದ್ದರೆ ಆ ಆನಂದ ಮೊದಲ ಏರಿನಲ್ಲಿಯೇ ಕರಗಿಹೋಗುತ್ತದೆ.

ಬಸ್ಸುಗಳು ಹಳ್ಳಿಹಳ್ಳಿಗೂ ಬರುವುದಕ್ಕೆ ಮುಂಚೆ ಈ ಸೀಮೆಯ ಜನ ನಡೆದೇ ಊರೂರು ಸುತ್ತುತ್ತಿದ್ದರು. ಎಡೆಯೂರಿನ ಸಿದ್ಧಲಿಂಗೇಶ್ವರನ ಜಾತ್ರೆಗೆ, ಗುಬ್ಬಿಯ ಚನ್ನಬಸವೇಶ್ವರನ ಜಾತ್ರೆಗೆ, ಸಿದ್ಧಗಂಗೆಗೆ ಹೊರಟವರ ಬಳಿ ಇರುತ್ತಿದ್ದ ವಸ್ತುಗಳು ಕೆಲವೇ. ಹೆಗಲ ಮೇಲೆ ಕಂಬಳಿ, ಬಟ್ಟೆಯಲ್ಲಿ ಕಟ್ಟಿದ ಬುತ್ತಿ, ಒಂದು ತಂಬಿಗೆ, ಕೈಯಲ್ಲೊಂದು ಕೋಲು. ಅವರು ಬಡತನದಿಂದ ಮಾತ್ರ ಇಷ್ಟನ್ನೇ ಒಯ್ಯುತ್ತಿದ್ದರೆಂದು ಭಾವಿಸುವುದು ಸರಿಯಲ್ಲ. ಪ್ರತಿಯೊಂದು ವಸ್ತುವಿನ ಆಯ್ಕೆಯ ಹಿಂದೆಯೂ ಅನುಭವದ ವಿವೇಕವಿತ್ತು. ಆ ವಿವೇಕಕ್ಕೆ ವಿಜ್ಞಾನದ ಸಮರ್ಥನೆಯೂ ಇದೆ.

ಮೊದಲನೆಯ ಪ್ರಶ್ನೆ, ಎಷ್ಟು ಹೊರಬೇಕು ಎಂಬುದು. ಕರ್ನಾಟಕ ಸರ್ಕಾರ 2019ರಲ್ಲಿ ಶಾಲಾ ಚೀಲದ ತೂಕಕ್ಕೆ ಮಿತಿಯನ್ನು ಗೊತ್ತುಪಡಿಸಿತು. ಅದರಂತೆ 9 ಮತ್ತು 10ನೆಯ ತರಗತಿಯವರ ಚೀಲ 4ರಿಂದ 5 ಕಿಲೋಗ್ರಾಂ ಮೀರಬಾರದು. ಒಂದು ದಿನದ ಬೆಟ್ಟದ ನಡಿಗೆಗೂ ಈ ಮಿತಿ ಒಪ್ಪುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಎರಡು ಲೀಟರ್ ನೀರು ತುಂಬಿದೊಡನೆ ಮಿತಿಯ ಅರ್ಧದಷ್ಟು ಮುಗಿದಂತಾಯಿತು. ನೀರನ್ನು ಕಡಿಮೆ ಮಾಡುವುದು ಅಪಾಯಕರ. ಬಿಸಿಲೇರಿದ ಬೋಳು ಬಂಡೆಯ ಮೇಲೆ ನೀರಿಲ್ಲದವನಿಗೆ ತಲೆ ಸುತ್ತುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆದುದರಿಂದ ಕಡಿಮೆ ಮಾಡಬೇಕಾದುದು ಉಳಿದ ವಸ್ತುಗಳನ್ನು.

ಇದಕ್ಕೊಂದು ಸುಲಭವಾದ ಉಪಾಯವಿದೆ. ಹೊರಡುವ ಹಿಂದಿನ ದಿನ ಎಲ್ಲ ವಸ್ತುಗಳನ್ನೂ ಚಾಪೆಯ ಮೇಲೆ ಹರಡಿ ಮೂರು ಗುಂಪು ಮಾಡಬೇಕು. ಇಲ್ಲದೆ ಆಗದವು ಒಂದು ಗುಂಪು, ಇದ್ದರೆ ಅನುಕೂಲವಾಗುವವು ಇನ್ನೊಂದು, ‘ಇರಲಿ’ ಎಂದು ಎತ್ತಿಟ್ಟವು ಮತ್ತೊಂದು. ಮೂರನೆಯ ಗುಂಪು ಮನೆಯಲ್ಲಿಯೇ ಉಳಿಯಬೇಕು. ಎರಡನೆಯ ಗುಂಪಿನಲ್ಲಿ ಎರಡು ಕೆಲಸಕ್ಕೆ ಬರುವ ವಸ್ತುವಿಗೆ ಮಾತ್ರ ಚೀಲದಲ್ಲಿ ಸ್ಥಳ ಸಲ್ಲುತ್ತದೆ. ಒಂದು ಹತ್ತಿಯ ಪಂಚೆಯನ್ನೇ ನೋಡಬಹುದು. ಅದು ಬಿಸಿಲಿಗೆ ತಲೆಯ ಸುತ್ತು, ಬೆವರಿಗೆ ಕೈವಸ್ತ್ರ, ಕೂರುವುದಕ್ಕೆ ಹಾಸು; ಕೈಗೆ ಪೆಟ್ಟಾದರೆ ಕೊರಳಿಗೆ ಕಟ್ಟಿ ಕೈಯನ್ನು ಆಧರಿಸುವ ಜೋಲಿಯೂ ಹೌದು.

ಆಹಾರದ ವಿಷಯದಲ್ಲಿ ಹಿರಿಯರ ಬುತ್ತಿ ಇಂದಿಗೂ ಮಾದರಿಯಾಗಿದೆ. ರಾಗಿಯ ಹುರಿಹಿಟ್ಟಿಗೆ ನೀರು, ಬೆಲ್ಲ ಬೆರೆಸಿದರೆ ಊಟ ಸಿದ್ಧ. ಒಲೆಯೂ ಬೇಡ, ಪಾತ್ರೆಯೂ ಬೇಡ. ಬೇಸಗೆಯ ಒಣ ಕಾಡಿನಲ್ಲಿ ಬೆಂಕಿ ಹೊತ್ತಿಸದಿರುವುದು ಕಾಡಿನ ದೃಷ್ಟಿಯಿಂದಲೂ ಕ್ಷೇಮ. ಗುಬ್ಬಿ, ತಿಪಟೂರು ಕಡೆಯ ಕೊಬ್ಬರಿ ಇನ್ನೊಂದು ಒಳ್ಳೆಯ ಬುತ್ತಿ. ಒಂದು ಗ್ರಾಂ ಪಿಷ್ಟದಿಂದ ದೇಹಕ್ಕೆ ದೊರೆಯುವ ಶಕ್ತಿ ಸುಮಾರು 4 ಕಿಲೋಕ್ಯಾಲೊರಿಯಾದರೆ, ಒಂದು ಗ್ರಾಂ ಕೊಬ್ಬಿನಿಂದ ದೊರೆಯುವುದು ಸುಮಾರು 9. ಕೊಬ್ಬರಿಯಲ್ಲಿ ಕೊಬ್ಬಿನ ಅಂಶವೇ ಹೆಚ್ಚು. ನೀರಿನ ಅಂಶ ತೀರ ಕಡಿಮೆ. ಹೀಗಾಗಿ ಅದು ಹೊರುವುದಕ್ಕೆ ಹಗುರ, ಕಸುವಿಗೆ ಹಿರಿದು.

ಎರಡನೆಯ ಪ್ರಶ್ನೆ, ಹೊರೆಯನ್ನು ಎಲ್ಲಿ ಇರಿಸಬೇಕು ಎಂಬುದು. ಸೊಂಟದ ಮೇಲೆ ನೀರಿನ ಕೊಡ ಹೊತ್ತ ಹೆಂಗಸು ದೇಹವನ್ನು ಮತ್ತೊಂದು ಬದಿಗೆ ವಾಲಿಸಿ ನಡೆಯುತ್ತಾಳೆ. ಅದೇ ಕೊಡವನ್ನು ತಲೆಯ ಮೇಲಿಟ್ಟಾಗ ನೆಟ್ಟಗೆ ನಡೆಯುತ್ತಾಳೆ. ಕೊಡದ ತೂಕ ಬದಲಾಗಲಿಲ್ಲ; ಅದರ ಸ್ಥಾನ ಬದಲಾಯಿತು. ದೇಹ ಮತ್ತು ಹೊರೆ ಇವೆರಡರ ಒಟ್ಟು ಗುರುತ್ವ ಕೇಂದ್ರ ಪಾದಗಳ ನೇರಕ್ಕೆ ಇದ್ದರೆ ಮಾತ್ರ ಮನುಷ್ಯ ಬೀಳದೆ ನಿಲ್ಲಬಲ್ಲ. ಹೊರೆ ಒಂದು ಕಡೆಗೆ ಎಳೆದರೆ ದೇಹ ಇನ್ನೊಂದು ಕಡೆಗೆ ಬಾಗಲೇಬೇಕು. ಆ ಬಾಗುವಿಕೆಯನ್ನು ಗಂಟೆಗಟ್ಟಲೆ ಹಿಡಿದಿಡುವ ಸ್ನಾಯುಗಳು ದಣಿಯುತ್ತವೆ.

ಬೆನ್ನಿನ ಚೀಲಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಇಲ್ಲಿ ಸನ್ನೆಕೋಲಿನ ತತ್ತ್ವ ಕೆಲಸ ಮಾಡುತ್ತದೆ. ಬೆನ್ನೆಲುಬಿನಿಂದ 10 ಸೆಂಟಿಮೀಟರ್ ಹಿಂದಿದ್ದ ಹೊರೆ 20 ಸೆಂಟಿಮೀಟರಿಗೆ ಸರಿದರೆ, ತೂಕ ಅಷ್ಟೇ ಇದ್ದರೂ ಹಿಂದಕ್ಕೆ ಎಳೆಯುವ ಅದರ ಪ್ರಭಾವ ಇಮ್ಮಡಿಯಾಗುತ್ತದೆ. ಆದುದರಿಂದ ಹೊದಿಕೆ, ಬಟ್ಟೆಗಳಂತಹ ಹಗುರವಾದ ವಸ್ತುಗಳು ಚೀಲದ ತಳದಲ್ಲಿರಬೇಕು. ನೀರು, ಬುತ್ತಿಗಳಂತಹ ಭಾರವಾದವು ಅವುಗಳ ಮೇಲೆ, ಬೆನ್ನಿಗೆ ಒತ್ತಿಕೊಂಡಂತೆ, ಹೆಗಲೆಲುಬುಗಳ ನಡುವೆ ಬರಬೇಕು. ನೀರನ್ನು ಒಂದೇ ದೊಡ್ಡ ಸೀಸೆಯ ಬದಲು ಎರಡು ಸೀಸೆಗಳಲ್ಲಿ ತುಂಬಿ ಎಡಕ್ಕೊಂದು ಬಲಕ್ಕೊಂದು ಇಟ್ಟು, ಎರಡರಿಂದಲೂ ಸರದಿಯಂತೆ ಕುಡಿದರೆ ಸಮತೋಲ ಕೆಡುವುದಿಲ್ಲ. ಅಡ್ಡೆ ಹೊರುವವನು ಎರಡು ತುದಿಗಳಿಗೂ ಸಮನಾದ ಭಾರ ತೂಗುಹಾಕುವುದು ಇದೇ ಕಾರಣದಿಂದ. ಚೀಲ ಸೊಂಟದ ಕೆಳಗೆ ಜೋತು ಬೀಳದಂತೆ ಪಟ್ಟಿಗಳನ್ನು ಬಿಗಿಗೊಳಿಸಬೇಕು. ಒಂದೇ ಹೆಗಲಿಗೆ ನೇತುಹಾಕುವ ಅಭ್ಯಾಸವಂತೂ ದೂರದ ನಡಿಗೆಗೆ ಸಲ್ಲದು.

ಹೊರೆ ಹಗುರವಾಗಿದ್ದರೂ ಹೆಗಲು ನೋಯುವುದುಂಟು. ಇದಕ್ಕೆ ಕಾರಣ ಒತ್ತಡ. ಅದೇ ಭಾರ ಕಿರಿದಾದ ಜಾಗದ ಮೇಲೆ ಬಿದ್ದರೆ ಒತ್ತಡ ಹೆಚ್ಚು. ಅಗಲವಾದ ಜಾಗದ ಮೇಲೆ ಹರಡಿದರೆ ಕಡಿಮೆ. ಒಂದು ಸೆಂಟಿಮೀಟರ್ ಅಗಲದ ಪಟ್ಟಿಯ ಅಡಿಯಲ್ಲಿ ಐದು ಸೆಂಟಿಮೀಟರ್ ಅಗಲಕ್ಕೆ ಮಡಿಸಿದ ದಪ್ಪ ಬಟ್ಟೆಯನ್ನಿಟ್ಟರೆ, ಭಾರ ಹರಡಿ ಪಟ್ಟಿ ಮಾಂಸಕ್ಕೆ ಕಚ್ಚುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಕೊಡ ಹೊರುವವರು ತಲೆಯ ಮೇಲೆ ಸಿಂಬಿ ಇಡುವುದೂ ಇದಕ್ಕಾಗಿಯೇ. ಹೆಗಲಿನ ಎರಡು ಪಟ್ಟಿಗಳನ್ನು ಎದೆಯ ಮೇಲೆ ಒಂದು ದಾರದಿಂದ ಸಡಿಲವಾಗಿ ಜೋಡಿಸಿದರೆ ಅವು ಪಕ್ಕಕ್ಕೆ ಜಾರುವುದಿಲ್ಲ. ಚೀಲಕ್ಕೆ ಸೇರಿಸಿದ ಅಗಲವಾದ ಪಟ್ಟಿಯೊಂದನ್ನು ಸೊಂಟಕ್ಕೆ ಬಿಗಿದರೆ ಹೆಗಲಿನ ಭಾರದ ಒಂದು ಪಾಲು ಬಲವಾದ ಸೊಂಟದ ಎಲುಬುಗಳಿಗೆ ಇಳಿಯುತ್ತದೆ.

ಹೊರೆ ಹೊರುವುದು ಒಂದು ವಿದ್ಯೆ ಎಂಬುದಕ್ಕೆ ಹೊರನಾಡಿನ ನಿದರ್ಶನವೂ ಇದೆ. ಆಫ್ರಿಕಾದ ಕೀನ್ಯಾ ದೇಶದಲ್ಲಿ ಲುವೊ ಜನಾಂಗದ ಹೆಂಗಸರು ತಲೆಯ ಮೇಲೆಯೂ, ಕಿಕುಯು ಜನಾಂಗದ ಹೆಂಗಸರು ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆಯೂ ಹೊರೆ ಹೊರುತ್ತಾರೆ. ಅವರನ್ನು ಕುರಿತು ವಿಜ್ಞಾನಿಗಳು ನಡೆಸಿದ ಅಧ್ಯಯನವೊಂದು 1986ರಲ್ಲಿ ಪ್ರಕಟವಾಯಿತು. ತಮ್ಮ ದೇಹದ ತೂಕದ ಐದನೆಯ ಒಂದು ಪಾಲಿನಷ್ಟು ಹೊರೆಯನ್ನು ಅವರು ಬರಿಗೈಯಲ್ಲಿ ನಡೆಯುವಾಗ ವ್ಯಯವಾಗುವುದಕ್ಕಿಂತ ಹೆಚ್ಚಿನ ಶಕ್ತಿಯಿಲ್ಲದೆ ಹೊರಬಲ್ಲರೆಂದು ಅದು ತೋರಿಸಿತು. ಇದು ದೀರ್ಘ ಅಭ್ಯಾಸದ ಫಲ. ಒಂದೇ ದಿನದಲ್ಲಿ ಬರುವಂತಹುದಲ್ಲ.

ಇನ್ನು ಮಳೆ ಮತ್ತು ಚಳಿ. ಚೀಲದ ಹೊರಗೆ ಹೊದಿಸಿದ ಹಾಳೆ ಗಾಳಿಗೆ ಹಾರಬಹುದು, ಮುಳ್ಳಿಗೆ ಹರಿಯಬಹುದು. ಅದರ ಬದಲು ದಪ್ಪನೆಯ ಪ್ಲಾಸ್ಟಿಕ್ ಚೀಲವೊಂದನ್ನು ಒಳಗೇ ಇರಿಸಿ, ಅದರಲ್ಲಿ ವಸ್ತುಗಳನ್ನು ತುಂಬಿ ಬಾಯಿ ಕಟ್ಟಿದರೆ ಹೊರಚೀಲ ನೆನೆದರೂ ಒಳಗಿನ ಬಟ್ಟೆ ಒಣಗಿರುತ್ತದೆ. ಚಳಿಗೆ ಕುರಿಗಾಹಿಯ ಕಂಬಳಿಯೇ ಸಾಕ್ಷಿ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹೊರಕ್ಕೆ ಬಿಡುವುದಿಲ್ಲ. ಸ್ವಲ್ಪ ತೇವವಾದರೂ ಉಣ್ಣೆ ಹತ್ತಿಗಿಂತ ಬೆಚ್ಚಗಿರುತ್ತದೆ. ಕೊಪ್ಪೆಯಾಗಿ ಮಡಿಸಿ ತಲೆಗೆ ಹಾಕಿಕೊಂಡರೆ ಕಂಬಳಿ ಮಳೆಯನ್ನೂ ತಡೆಯುತ್ತದೆ. ರಾತ್ರಿ ತಂಗುವವರು ಮೇಲಿನ ಹೊದಿಕೆಗಿಂತ ಕೆಳಗಿನ ಹಾಸಿಗೆ ಹೆಚ್ಚು ಗಮನ ಕೊಡಬೇಕು. ತಣ್ಣನೆಯ ಕಲ್ಲು ಮೈಯ ಬಿಸಿಯನ್ನು ನೇರವಾಗಿ ಹೀರಿಕೊಳ್ಳುತ್ತದೆ. ಹಾಸಿನ ಕೆಳಗೆ ಹಳೆಯ ವೃತ್ತಪತ್ರಿಕೆಗಳ ಕೆಲವು ಪದರಗಳಿದ್ದರೂ ವ್ಯತ್ಯಾಸ ತಿಳಿಯುತ್ತದೆ.

ಪಾದಗಳ ಆರೈಕೆ ಎಲ್ಲಕ್ಕಿಂತ ಮುಖ್ಯ. ಪ್ರತಿ ಹೆಜ್ಜೆಗೂ ಪಾದವನ್ನು ಎತ್ತಿ ಇಳಿಸಬೇಕಾದ್ದರಿಂದ, ಕಾಲಿನ ಮೇಲಿನ ತೂಕ ಬೆನ್ನಿನ ಮೇಲಿನ ಅಷ್ಟೇ ತೂಕಕ್ಕಿಂತ ಅನೇಕ ಪಾಲು ಹೆಚ್ಚು ದಣಿಸುತ್ತದೆ. ಆದುದರಿಂದ ಬೂಟು ಹಗುರವಾಗಿರಬೇಕು, ಕಾಲಿಗೆ ಪಳಗಿರಬೇಕು. ಹೊಸ ಬೂಟನ್ನು ಬೆಟ್ಟ ಹತ್ತುವ ದಿನವೇ ಮೊದಲ ಬಾರಿಗೆ ತೊಡಬಾರದು. ಬೊಬ್ಬೆ ಏಳುವುದು ತೇವ ಮತ್ತು ಉಜ್ಜುವಿಕೆಯಿಂದ. ಒಣಗಿದ ಇನ್ನೊಂದು ಜೊತೆ ಕಾಲುಚೀಲ ಜೊತೆಗಿರಬೇಕು. ಬೂಟಿನೊಳಗೆ ಸೇರಿದ ಕಲ್ಲುಹರಳನ್ನು ‘ಮುಂದೆ ನೋಡೋಣ’ ಎನ್ನದೆ ಕೂಡಲೇ ತೆಗೆಯಬೇಕು. ಇಳಿಯುವಾಗ ಊರುಗೋಲು ಮಂಡಿಗಳ ಮೇಲಿನ ಭಾರವನ್ನು ಹಂಚಿಕೊಳ್ಳುತ್ತದೆ.

ಹುತ್ರಿದುರ್ಗದಂತಹ ಕಡಿದಾದ ಬಂಡೆಗಳಲ್ಲಿ ಕಲ್ಲನ್ನು ಕಡಿದು ಮಾಡಿದ ಮೆಟ್ಟಿಲುಗಳಿವೆ. ಅಲ್ಲಿ ಹೊರೆಯ ವಿಷಯ ಸುಖದ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆಯೂ ಹೌದು. ಮಳೆಯಲ್ಲಿ ನೆನೆದ ಬಂಡೆಯ ಮೇಲೆ ಕಾಲು ಜಾರಿದರೆ ಹಿಡಿದುಕೊಳ್ಳುವುದಕ್ಕೆ ಕೈಗಳು ಬಿಡುವಾಗಿರಬೇಕು. ಕೈಚೀಲ, ಸೀಸೆಗಳನ್ನು ಹಿಡಿದು ಹತ್ತುವವನು ಆ ಆಸರೆಯನ್ನು ತಾನೇ ಕಳೆದುಕೊಳ್ಳುತ್ತಾನೆ. ಸಡಿಲವಾಗಿ ತೂಗಾಡುವ ಚೀಲ ತಿರುವಿನಲ್ಲಿ ಅವನನ್ನು ಪಕ್ಕಕ್ಕೆ ಎಳೆಯಬಹುದು. ಮಳೆ ಹಿಡಿದ ದಿನ ಕಡಿದಾದ ಬಂಡೆಯನ್ನು ಹತ್ತದೆ ಹಿಂದಿರುಗುವುದೇ ಜಾಣತನ. ಹಿರಿಯರ ಜೊತೆ, ಅರಣ್ಯ ಇಲಾಖೆಯ ನಿಯಮಗಳಿಗೆ ಒಳಪಟ್ಟು, ಬೆಳಗಿನ ತಂಪಿನಲ್ಲಿಯೇ ಹೊರಡುವುದು ಲೇಸು.

ಈ ಉಪಾಯಗಳಲ್ಲಿ ಹೆಚ್ಚು ಹಣ ಬೇಡುವಂತಹುದು ಒಂದೂ ಇಲ್ಲ. ಒಂದು ತುಂಡು ದಾರ, ಮಡಿಸಿದ ಬಟ್ಟೆ, ಹಳೆಯ ಪತ್ರಿಕೆ, ಅಜ್ಜನ ಕಂಬಳಿ ಇವು ಯಾವ ಮನೆಯಲ್ಲಿಯಾದರೂ ಸಿಕ್ಕಬಹುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಗೆ, ಹೊರೆ ಕಟ್ಟಬಲ್ಲವನಿಗೆ ದಾರಿ ದೂರವಲ್ಲ ಎಂಬ ಮಾತನ್ನೂ ಸೇರಿಸಬಹುದು. ಮರಳುವಾಗ ಬುತ್ತಿ ಖಾಲಿಯಾಗಿ ಚೀಲ ಹಗುರವಾಗಿರುತ್ತದೆ. ಆ ಬರಿದಾದ ಜಾಗದಲ್ಲಿ ತಿಂಡಿಯ ಹೊದಿಕೆಗಳನ್ನೂ ಖಾಲಿ ಸೀಸೆಗಳನ್ನೂ ತುಂಬಿ ತರುವವನು, ತನ್ನ ಬೆನ್ನಿನಂತೆಯೇ ಬೆಟ್ಟದ ಹೊರೆಯನ್ನೂ ಇಳಿಸಿದವನಾಗುತ್ತಾನೆ.